ಬಟನ್... ಬಟನ್... ಬಟನ್...

ಸಾಸ್ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಟೊಮ್ಯಾಟೊ ಸಾಸ್ ಅಲ್ಲ ಸ್ವಾಮಿ :-) ವೆಬ್ ಪುಟಗಳ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್ ಇದೆಯಲ್ಲ, ಅದನ್ನು ಬರೆಯುವವರ ಕೈನೋವು ಕಡಿಮೆ ಮಾಡುವ ಪ್ರೀಪ್ರೊಸೆಸರ್ ಅದು. ಆದರೆ ಬರೆಯಲು ಕೂತಾಗಲೆಲ್ಲ ಅಪ್ಪನ ಮೈಲುತುತ್ತದ ಕತೆ ಅಡ್ಡ ಬರುತ್ತಿತ್ತು. ಅದನ್ನು ಬಿಟ್ಟು ಇದನ್ನು ಹೇಳೋಕೆ ಆಗಲ್ಲ ಅಂತ ಈಗ ಅನ್ನಿಸಿದೆ. ಹಾಗಾಗಿ ಮೊದಲು ಅದೇ.

ನಮ್ಮದು ತೀರ್ಥಹಳ್ಳಿ ಕಡೆ. ಎರಡು ಎಕರೆ ಅಡಿಕೆ ತೋಟ. ಅಪ್ಪನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು 2015ರ ಹೊತ್ತಿಗೆ ಓದುವುದು ಪೂರ್ತಿ ನಿಂತುಹೋಯಿತು. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೆ. ಪೇಪರ್ ಓದದೆ ಕಾಫಿ ಕುಡಿಯದ ಮನುಷ್ಯ ಸುಮ್ಮನೆ ಜಗಲಿಯಲ್ಲಿ ಕೂರುವುದನ್ನು ನೋಡಲಾಗದೆ ನನ್ನ ಹಳೆಯ ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿ ಕೊಟ್ಟೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಈ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ಕಾಸು ಕೊಡಬೇಕಿಲ್ಲ. ಅದರ ಜೊತೆ ಬರುವ ಇಸ್ಪೀಕ್ ಕನ್ನಡವನ್ನೂ ಓದುತ್ತದೆ, ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ. ಅಪ್ಪ ಮೊದಲ ವಾರ ಬೈದರು, ಎರಡನೇ ವಾರ ನಕ್ಕರು, ಮೂರನೇ ವಾರದಿಂದ ಅದರ ಜೊತೆಯೇ ಪೇಪರ್ ಓದತೊಡಗಿದರು.

ಅದೇ ಹೊತ್ತಿಗೆ ಊರಿನ ಕಡೆಯ ಒಂದು ಅಡಿಕೆ ಬೆಳೆಗಾರರ ಸೊಸೈಟಿಗೆ ವೆಬ್‌ಸೈಟ್ ಮಾಡುವ ಕೆಲಸ ನಮ್ಮ ಮೂರು ಜನರ ಪುಟ್ಟ ತಂಡಕ್ಕೆ ಸಿಕ್ಕಿತು. ಸದಸ್ಯರು ಮನೆಯಿಂದಲೇ ಗೊಬ್ಬರ, ಸುಣ್ಣ, ಮೈಲುತುತ್ತಕ್ಕೆ ಬೇಡಿಕೆ ಸಲ್ಲಿಸಬಹುದು. ಅಪ್ಪನಿಗೆ ಹೆಮ್ಮೆ. ಮಗ ಮಾಡಿದ್ದು ಅಂತ ನಾಲ್ಕು ಜನರಿಗೆ ಹೇಳಿದ್ದೂ ಆಯಿತು.

2019ರ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಕೊನೆಗಳಿಗೆ ಬೋರ್ಡೋ ಔಷಧಿ ಹೊಡೆಯದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆ ಉದುರಿಹೋಗುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಸೈಟಿನಲ್ಲೇ ಬೇಡಿಕೆ ಹಾಕಿದ್ದರು. ಆಮೇಲೆ ಅದು ಎಲ್ಲಿಗೆ ಬಂತು ನೋಡೋಣ ಅಂತ ಇನ್ನೊಮ್ಮೆ ತೆರೆದಿದ್ದಾರೆ. ಸಾಮಾನು ಬರಲೇ ಇಲ್ಲ. ಸೊಸೈಟಿಯಲ್ಲಿ ಕೇಳಿದರೆ "ನೀವೇ ರದ್ದು ಮಾಡಿದೀರಲ್ಲ" ಅಂದರಂತೆ. ಪಕ್ಕದ ಮನೆಯವರ ಹತ್ತಿರ ಕಡ ತಂದು ಔಷಧಿ ಹೊಡೆಯುವಷ್ಟರಲ್ಲಿ ಹತ್ತು ದಿನ ತಡ.

ಇದು ನನಗೆ ಗೊತ್ತಾದದ್ದು ದೀಪಾವಳಿಗೆ ಊರಿಗೆ ಹೋದಾಗ. ಅದೂ ಅಮ್ಮನ ಬಾಯಿಂದ. ಅಪ್ಪನನ್ನು ಕೇಳಿದರೆ, "ನಂದೇ ತಪ್ಪು ಬಿಡು ಮಾರಾಯ, ಕಣ್ಣಿಲ್ಲದವ ಎಂತದೋ ಒತ್ತಿದೆ" ಅಂದರು.

ಒತ್ತಿ ತೋರಿಸಿ ಅಂದೆ. ಟ್ಯಾಬ್ ಕೀ ಒತ್ತಿದರು. ಎನ್‌ವಿಡಿಎ ಹೇಳಿತು: "ಬಟನ್." ಮತ್ತೆ ಒತ್ತಿದರು. "ಬಟನ್." ಮತ್ತೆ. "ಬಟನ್." "ಬರೀ ಬಟನ್ ಬಟನ್ ಅಂತದೆ, ಯಾವ ಬಟನ್ನು ಅಂತ ಹೇಳೂದಿಲ್ಲ. ಮೂರರಲ್ಲಿ ಒಂದು ನೋಡೂದು ಇರ್ಬೇಕಲ, ಅಂದಾಜಿಗೆ ಒತ್ತಿದೆ. ಮುಂದುವರಿಯಬೇಕಾ ಅಂತ ಕೇಳ್ತು, ಹೌದು ಅಂದೆ."

ಎದೆ ಧಸಕ್ಕೆಂದಿತು. ಆ ಮೂರು ಬಟನ್‌ಗಳ ಒಳಗೆ ಕ್ರಮವಾಗಿ "ನೋಡಿ", "ಮುದ್ರಿಸಿ", "ರದ್ದುಮಾಡಿ" ಅಂತ ಪದಗಳಿದ್ದವು. ನಾನೇ ಬರೆದದ್ದು. ಕಣ್ಣಿರುವವರಿಗೆ ಚಿತ್ರ ಸಾಕು, ಪದ ಕಾಣಿಸುವುದು ಬೇಡ ಅಂತ ಅಡಗಿಸಿದವನೂ ನಾನೇ.

ಈಗ ಸಾಸ್ ವಿಷಯ. ಇದನ್ನು 2006ರಲ್ಲಿ ಹ್ಯಾಂಪ್ಟನ್ ಕ್ಯಾಟ್ಲಿನ್ ರೂಪಿಸಿದರು, ನಾಟಲಿ ವೈಜನ್‌ಬಾಮ್ ಬೆಳೆಸಿದರು. ಇದರಲ್ಲಿ ಮಿಕ್ಸಿನ್ ಅಂತ ಒಂದು ಸೌಕರ್ಯ. ಪದೇ ಪದೇ ಬರುವ ಹತ್ತು ಸಾಲನ್ನು ಒಂದು ಹೆಸರಿನಡಿ ಕಟ್ಟಿಟ್ಟರೆ, ಬೇಕಾದಲ್ಲಿ ಹೆಸರು ಕರೆದರೆ ಸಾಕು, ಹತ್ತೂ ಸಾಲು ಅಲ್ಲಿ ಬಂದು ಕೂರುತ್ತವೆ. ಸಾಂಬಾರ್ ಪುಡಿ ಮಾಡಿ ಡಬ್ಬದಲ್ಲಿ ತುಂಬಿಟ್ಟ ಹಾಗೆ. ನಮ್ಮಲ್ಲೂ ಅಂಥದ್ದೊಂದು ಡಬ್ಬ ಇತ್ತು. ಹೊಸ ಸೈಟ್ ಶುರುವಾದರೆ ಮೊದಲು ಅದನ್ನು ನಕಲು ಮಾಡಿಕೊಳ್ಳುವುದು. ಅದರಲ್ಲಿ "ಹೈಡ್" ಎಂಬ ಮಿಕ್ಸಿನ್. ಅದರೊಳಗೆ ಒಂದೇ ಸಾಲು, ಡಿಸ್‌ಪ್ಲೇ ನನ್.

ಆ ಒಂದು ಸಾಲು ಪದವನ್ನು ಕಣ್ಣಿಂದ ಮಾತ್ರ ಅಲ್ಲ, ಕಿವಿಯಿಂದಲೂ ತೆಗೆದುಹಾಕುತ್ತದೆ. ಸ್ಕ್ರೀನ್ ರೀಡರ್ ಪಾಲಿಗೆ ಆ ಪದ ಇಲ್ಲವೇ ಇಲ್ಲ. ಬಟನ್ನಿಗೆ ಬೇರೆ ಹೆಸರೂ ಕೊಟ್ಟಿರಲಿಲ್ಲವಾದ್ದರಿಂದ ಉಳಿದದ್ದು ಬರೀ "ಬಟನ್". ಸೊಸೈಟಿಯ ಸೈಟಿನಲ್ಲಿ ಈ ಹೈಡ್ ಎಷ್ಟು ಕಡೆ ಇದೆ ಅಂತ ಆ ರಾತ್ರಿ ಹುಡುಕಿದೆ. ನಲವತ್ತಮೂರು ಕಡೆ. ಅದೇ ಡಬ್ಬ ಹೋದ ಉಳಿದ ಎಂಟು ಸೈಟುಗಳನ್ನು ಎಣಿಸಲು ಹೋಗಲಿಲ್ಲ. ಮರುಬಳಕೆ ಮರುಬಳಕೆ ಅಂತ ಕುಣಿಯುತ್ತಿದ್ದೆನಲ್ಲ, ನನ್ನ ತಪ್ಪನ್ನೂ ಅಷ್ಟೇ ಚೆನ್ನಾಗಿ ಮರುಬಳಕೆ ಮಾಡಿದ್ದೆ.

ಸಮಾಧಾನವೆಂದರೆ ತಪ್ಪು ಒಂದೇ ಕಡೆ ಇತ್ತು. ಅಪ್ಪ ಪಕ್ಕದಲ್ಲೇ ಕೂತಿರುವಾಗ ಅದನ್ನು ಒಡೆದು ಎರಡು ಮಾಡಿದೆ. ಒಂದು ಯಾರಿಗೂ ಬೇಡದ್ದನ್ನು ಪೂರ್ತಿ ತೆಗೆಯಲು. ಇನ್ನೊಂದಕ್ಕೆ "ಕಣ್ಮರೆ" ಅಂತಲೇ ಹೆಸರಿಟ್ಟೆ. (ಸಾಸ್‌ನಲ್ಲಿ ಕನ್ನಡ ಅಕ್ಷರದ ಹೆಸರುಗಳೂ ನಡೆಯುತ್ತವೆ ಅಂತ ಎಷ್ಟು ಜನಕ್ಕೆ ಗೊತ್ತೋ! ತಂಡದ ತಮಿಳು ಗೆಳೆಯ ಗೋಳಾಡಿದ ಮೇಲೆ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ, ಅದು ಬೇರೆ ಮಾತು.) ಇದು ಪದವನ್ನು ಪುಟದಲ್ಲೇ ಉಳಿಸಿ ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಚೌಕಕ್ಕೆ ಕತ್ತರಿಸಿಡುತ್ತದೆ. ಕಣ್ಣಿಗೆ ಬೀಳದು, ಕಿವಿಗೆ ಸಿಗುತ್ತದೆ. ಇದೇನು ನನ್ನ ಸಂಶೋಧನೆಯಲ್ಲ, ವರ್ಷಗಳಿಂದ ಇದ್ದ ಉಪಾಯ. ನಾನು ಓದಿರಲಿಲ್ಲ, ಅಷ್ಟೇ. ಒಂದು ಸೂಕ್ಷ್ಮ ಮಾತ್ರ ಇದೆ: ಒಂದು ಪಿಕ್ಸೆಲ್ ಅಗಲದಲ್ಲಿ ಪದಗಳು ಸಾಲು ಮುರಿದುಕೊಂಡು ನಿಲ್ಲುವುದರಿಂದ ಕೆಲವು ಸ್ಕ್ರೀನ್ ರೀಡರ್‌ಗಳು ನಡುವಿನ ಖಾಲಿ ಜಾಗ ನುಂಗಿ ಎಲ್ಲವನ್ನೂ ಅಂಟಿಸಿ ಓದುತ್ತವೆ. ಸಾಲು ಮುರಿಯಬೇಡ ಎಂಬ ಇನ್ನೊಂದು ಆಜ್ಞೆ ಸೇರಿಸಿದರೆ ಸರಿಹೋಗುತ್ತದೆ.

ಕಂಪೈಲ್ ಮಾಡಿದೆ. ಅಪ್ಪ ಟ್ಯಾಬ್ ಒತ್ತಿದರು. "ನೋಡಿ, ಬಟನ್. ಮುದ್ರಿಸಿ, ಬಟನ್. ರದ್ದುಮಾಡಿ, ಬಟನ್."

"ಓ, ಕಡೇದು" ಅಂದರು ಅಪ್ಪ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

"ಮುಂದುವರಿಯಬೇಕೇ" ಎಂಬ ಮೂರ್ಖ ಪ್ರಶ್ನೆಯನ್ನೂ "ಈ ಬೇಡಿಕೆ ರದ್ದಾಗುತ್ತದೆ, ಸರಿಯೇ" ಅಂತ ತಿದ್ದಿದೆ. ಅದಕ್ಕೆ ಯಾವ ಸಾಸೂ ಬೇಕಿರಲಿಲ್ಲ.

ಆಮೇಲೆ ಇಡೀ ಡಬ್ಬವನ್ನೇ ಬಗ್ಗಿಸಿ ಸುರಿದು ನೋಡಿದೆ. ಹುಳ ಒಂದೇ ಅಲ್ಲ. ಕೀಬೋರ್ಡಿನಲ್ಲಿ ಓಡಾಡುವಾಗ ಈಗ ಎಲ್ಲಿದ್ದೇವೆ ಅಂತ ತೋರಿಸುವ ಗೆರೆ ಇರುತ್ತದಲ್ಲ, ಅದನ್ನು ಎಲ್ಲ ಕಡೆ ತೆಗೆದುಹಾಕಿದ್ದೆವು. ಎರಿಕ್ ಮೇಯರ್ ಅವರ ಹೆಸರಾಂತ ರೀಸೆಟ್ ಸ್ಟೈಲಿನ ಹಳೆಯ ಆವೃತ್ತಿಯಲ್ಲಿ ಆ ಸಾಲು ಇತ್ತು. ಪಕ್ಕದಲ್ಲೇ, ನಿಮ್ಮದೇ ಗೆರೆ ಹಾಕಿಕೊಳ್ಳಲು ಮರೆಯಬೇಡಿ ಎಂಬರ್ಥದ ಟಿಪ್ಪಣಿಯೂ ಇತ್ತು. ನಮ್ಮ ಫೈಲಿನಲ್ಲಿ ಆ ಟಿಪ್ಪಣಿಯೂ ಭದ್ರವಾಗಿತ್ತು. ಯಾರೂ ಓದಿರಲಿಲ್ಲ! ಅಪ್ಪನಿಗೆ ಈ ಗೆರೆ ಬೇಕಿಲ್ಲ, ಆದರೆ ಮಣಿಕಟ್ಟು ನೋವಿನಿಂದ ಮೌಸ್ ಬಿಟ್ಟ ನನ್ನ ಗೆಳೆಯನಿಗೆ ಬೇಕು. ಗೆರೆಯ ಬದಲು ನೆರಳು ಹಾಕಿ ಚಂದ ಮಾಡೋಣ ಅಂತ ಹೋದರೆ ಅದೂ ಕೆಟ್ಟಿತು. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಬಳಸುವವರಿಗೆ ನೆರಳುಗಳೆಲ್ಲ ಮಾಯ. ಅದಕ್ಕೆ ಈಗಿನ ಮಿಕ್ಸಿನ್‌ನಲ್ಲಿ ನೆರಳಿನ ಜೊತೆ ಪಾರದರ್ಶಕ ಬಣ್ಣದ ಗೆರೆಯೂ ಇದೆ. ಮಾಮೂಲಿ ಪರದೆಯಲ್ಲಿ ಕಾಣದ ಆ ಗೆರೆ ಅವರ ಪರದೆಯಲ್ಲಿ ತಾನಾಗಿ ಬಣ್ಣ ತುಂಬಿಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಂತೂ ಸಾಸ್ ನಿಜವಾಗಿ ಕೈಹಿಡಿಯಿತು. 2008ರ ಡಿಸೆಂಬರಿನಲ್ಲಿ ಬಂದ ವೆಬ್ ಸುಲಭಲಭ್ಯತೆಯ ಸೂತ್ರಗಳ ಎರಡನೇ ಆವೃತ್ತಿಯ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ ಬೇಕು, ದೊಡ್ಡ ಅಕ್ಷರಕ್ಕಾದರೆ 3ಕ್ಕೆ 1. ಲೆಕ್ಕದಲ್ಲಿ ಹಸಿರಿಗೆ 0.7152, ಕೆಂಪಿಗೆ 0.2126, ನೀಲಿಗೆ ಬರೀ 0.0722 ತೂಕ; ನಮ್ಮ ಕಣ್ಣಿಗೆ ಹಸಿರು ಅಷ್ಟು ಬೆಳಕಾಗಿ ಕಾಣುತ್ತದೆ. ಈ ಲೆಕ್ಕವನ್ನು ಸಾಸ್‌ನಲ್ಲಿ ಒಂದು ಫಂಕ್ಷನ್ ಮಾಡಿ, ಅಂತರ ಸಾಲದಿದ್ದರೆ ಎರರ್ ಕೊಟ್ಟು ಕಂಪೈಲನ್ನೇ ನಿಲ್ಲಿಸುವ ಹಾಗೆ ಬರೆದೆ. ಸೈಟೇ ತಯಾರಾಗುವುದಿಲ್ಲ! ಆಮೇಲೆ ನೋಡೋಣ ಅನ್ನಲು ದಾರಿಯೇ ಇಲ್ಲ. ಬರೀ ಸಿಎಸ್‌ಎಸ್ ಇಂಥ ಹಟ ಹಿಡಿಯುವುದಿಲ್ಲ, ಕೊಟ್ಟ ಬಣ್ಣ ಬಳಿದು ಸುಮ್ಮನಾಗುತ್ತದೆ.

ಅಲ್ಲೂ ಜಾಣತನ ತೋರಿಸಲು ಹೋಗಿ ಎಡವಿದೆ. ಉತ್ತರವನ್ನು ಒಂದು ದಶಮಾಂಶಕ್ಕೆ ರೌಂಡ್ ಮಾಡಿಟ್ಟಿದ್ದೆ. ಮೂರೂ ಬಣ್ಣದ ಜಾಗದಲ್ಲಿ 77 ಬರೆದರೆ ಸಿಗುವ ಬೂದು, ಬಿಳಿಯ ಮೇಲೆ 4.48. ರೌಂಡ್ ಆಗಿ 4.5, ಪಾಸ್. ನಿಯಮದ ಪ್ರಕಾರ ಅದು ಫೇಲು. 77ರ ಬದಲು 76 ಹಾಕಿದರೆ 4.54, ಪಾಸು. ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ತಿಳಿಯದು, ನಿಜ. ಆದರೆ ಬೇಲಿಯನ್ನು ಮೊದಲ ದಿನವೇ ಒಂದು ಗೇಣು ಒಳಗೆ ಹಾಕಿದರೆ ಮುಂದಿನ ವರ್ಷ ಎಲ್ಲಿರುತ್ತದೋ ಗೊತ್ತಿಲ್ಲವಲ್ಲ.

ಇನ್ನೊಂದು ಕನ್ನಡದ್ದೇ ಗೋಳು. ಇಂಗ್ಲಿಷ್ ಅಕ್ಷರಕ್ಕೆ ಅಂತ ಇಟ್ಟ 1.2ರ ಸಾಲೆತ್ತರದ ಜೊತೆ, ಮಿಕ್ಕಿದ್ದನ್ನು ಮುಚ್ಚಿಡು ಎಂಬ ಆಜ್ಞೆ ಸೇರಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ನಮ್ಮ ಸೈಟಿನಲ್ಲಿ "ಲೆಕ್ಕ" ಎಷ್ಟೋ ದಿನ "ಲೆಕ" ಆಗಿತ್ತು. ಪುಟದ ಭಾಷೆ ಕನ್ನಡ ಅಂತ ಗುರುತಿಸಿ ಸಾಲೆತ್ತರವನ್ನು 1.6ಕ್ಕೆ ಏರಿಸುವ ಮಿಕ್ಸಿನ್ ಈಗ ಡಬ್ಬದಲ್ಲಿದೆ. ನಾನು ಬರೆದದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದು, ನಾಲ್ಕೇ ಸಾಲು.

ಮಿಕ್ಸಿನ್ ಸಿಕ್ಕಿತು ಅಂತ ಕಣ್ಣುಮುಚ್ಚಿ ಹಚ್ಚುವುದೂ ತಪ್ಪು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗಿ "ನೇರ ವಿಷಯಕ್ಕೆ ಹೋಗಿ" ಎಂಬ ಕೊಂಡಿಗೂ ಕಣ್ಮರೆ ಹಚ್ಚಿದಳು. ಅಪ್ಪನಿಗೆ ಅದು ಕೇಳಿಸಿತು, ಮಣಿಕಟ್ಟಿನ ಗೆಳೆಯನಿಗೆ ಕಾಣಿಸಲೇ ಇಲ್ಲ. ಟ್ಯಾಬ್ ಒತ್ತಿದರೆ ಗೆರೆ ಎಲ್ಲೋ ಮಾಯವಾಗಿ ಇನ್ನೆಲ್ಲೋ ಹುಟ್ಟುತ್ತದೆ. ಫೋಕಸ್ ಬಂದಾಗ ಮಾತ್ರ ಬಯಲಾಗುವ ಇನ್ನೊಂದು ರೂಪ ಮಾಡಬೇಕಾಯಿತು. ತಪ್ಪು ಆ ಹುಡುಗಿಯದಲ್ಲ, ಯಾವುದನ್ನು ಎಲ್ಲಿ ಬಳಸಬೇಕು ಅಂತ ಮಿಕ್ಸಿನ್ ತಲೆಯ ಮೇಲೆ ನಾನು ಬರೆದಿರಲಿಲ್ಲ. ಈಗ ಎರಡೆರಡು ಸಾಲು ಬರೆದಿದ್ದೇನೆ. ಕಣ್ಮರೆಯ ಮೇಲೆ "ಮೈಲುತುತ್ತ ನೆನಪಿರಲಿ" ಅಂತ ಇದೆ. ತಂಡದಲ್ಲಿ ಯಾರೂ ಅದರ ಅರ್ಥ ಕೇಳಿಲ್ಲ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಈ ಸಲ ಬೇಡಿಕೆ ಸರಿಯಾಗಿ ಹೋಯಿತಂತೆ, ಸಾಮಾನೂ ಮನೆಗೆ ಬಂತಂತೆ. ಆದರೆ ಸೊಸೈಟಿಯವರು ಕಳಿಸಿದ ರಸೀತಿ ತೆರೆದರೆ ಎನ್‌ವಿಡಿಎ ತುಟಿ ಬಿಚ್ಚುವುದಿಲ್ಲವಂತೆ. ತರಿಸಿ ನೋಡಿದೆ. ಕಾಗದಕ್ಕೆ ಸೀಲು ಹೊಡೆದು, ಸ್ಕ್ಯಾನ್ ಮಾಡಿ, ಚಿತ್ರವಾಗಿ ಕಳಿಸಿದ್ದಾರೆ.

"ಇದಕ್ಕೆ ನನ್ನ ಡಬ್ಬದಲ್ಲಿ ಏನೂ ಇಲ್ಲ ಅಪ್ಪ" ಅಂದೆ.

"ಹಂಗಾರೆ ನೀನೇ ಓದು ಮಾರಾಯ" ಅಂದರು. ಫೋನಿನಲ್ಲೇ ಓದಿ ಹೇಳಿದೆ. ನಾಳೆ ಸೊಸೈಟಿಯ ಕಾರ್ಯದರ್ಶಿಗೆ ಫೋನ್ ಮಾಡಬೇಕು.