ಗೋಡೆ ಮುಚ್ಚುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಒಡೆದು ರಿಪೇರಿ ಮಾಡಿಸುವವರ ಪಾಡಿನ ಬಗ್ಗೆ ಮಾತ್ರ ಅವರು ಏನೂ ಹೇಳಿ ಹೋಗಲಿಲ್ಲ. ಅದನ್ನು ನಾವು ಸ್ವಂತ ಅನುಭವದಿಂದಲೇ ಕಲಿಯಬೇಕಾಯಿತು.

ಕಾಸರಗೋಡಿನ ಕಡೆಯ ನಮ್ಮ ಗುರುಮನೆ ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು ಇರುವ ಹಳೆಯ ಕಟ್ಟಡ. ಕೆಲವು ವರ್ಷಗಳ ಹಿಂದೆ ಅದರ ಅರ್ಧ ಭಾಗಕ್ಕೆ ಕಾಂಕ್ರೀಟು ಸ್ಲ್ಯಾಬ್ ಹಾಕಿಸಿ, ಸಾರಣೆ ಮಾಡಿಸಿ, ಬಣ್ಣ ಬಳಿಸಿ ಸಂತೋಷಪಟ್ಟೆವು. ಏಪ್ರಿಲ್ ಬಂದಾಗ ಮಲಗುವ ಕೋಣೆ ಒಲೆಯಂತಾಯಿತು. ಅವಸರದಿಂದ ಎ.ಸಿ. ತರಿಸಿದೆವು. ಕೂಡಿಸಲು ಬಂದವರು ಹೊಸ ಗೋಡೆಗೆ ತೂತು ಕೊರೆದರು. ನೀರು ಹೋಗುವ ಪೈಪಿಗೆ ಇಳಿಜಾರು ಸಿಗದೆ ನೀರು ಒಳಗೇ ತೊಟ್ಟಿಕ್ಕತೊಡಗಿತು. ಹಳೆಯ ವೈರು ಭಾರ ತಾಳದೆ ಪ್ಲಗ್ಗು ಸುಟ್ಟು ಕಪ್ಪಾಯಿತು. "ಸಾರಣೆಗೆ ಮೊದಲು ಹೇಳಿದ್ದರೆ ಇದು ಅರ್ಧ ದಿನದ ಕೆಲಸವಾಗಿತ್ತು ಫಾದರ್" ಎಂದರು, ವೈರಿಂಗ್ ಕೆಲಸ ಬಲ್ಲ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು.

ಈಗ ಗುರುಮನೆಯ ಉಳಿದ ಅರ್ಧದ ಸರದಿ. ವಯಸ್ಸಾದ ಗುರುಗಳೊಬ್ಬರು ಅಲ್ಲಿ ಬಂದು ನೆಲೆಸಲಿದ್ದಾರೆ. ಮತ್ತೆ ಅದೇ ತಪ್ಪು ಮಾಡಬಾರದೆಂದು ನಿಶ್ಚಯಿಸಿದ್ದೆವು. ಅಷ್ಟರಲ್ಲಿ ಒಂದೇ ವರ್ಷದಲ್ಲಿ ಎರಡು ಪ್ರಯಾಣಗಳು ಒದಗಿ ಬಂದವು. ಒಂದು ಸುಡು ಬಿಸಿಲಿನ ನಾಡಿಗೆ, ಇನ್ನೊಂದು ಕೊರೆಯುವ ಚಳಿಯ ನಾಡಿಗೆ. ಎರಡೂ ಕಡೆ ಮನೆ ರಿಪೇರಿ ನಡೆಯುತ್ತಿತ್ತು. ವೈರಿಂಗಿನ ಹಿರಿಯರು ಎರಡು ಸಲವೂ ನಮ್ಮ ಜೊತೆಗಿದ್ದರು.

ಮೊದಲನೆಯದು ಮೇ ತಿಂಗಳಿನಲ್ಲಿ, ಪರಿಚಿತ ಕುಟುಂಬದ ಮದುವೆಗೆಂದು. ಸೊಲ್ಲಾಪುರದಲ್ಲಿ ಇಳಿದು ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಯ ಬಸ್ಸು ಹಿಡಿದೆವು. ಬೋರ್ಡುಗಳೆಲ್ಲ ಮರಾಠಿ, ಬಸ್ಸಿನೊಳಗಿನ ಮಾತು ಬಹುಪಾಲು ಕನ್ನಡ. ಕಿಟಕಿಯಿಂದ ಬರುತ್ತಿದ್ದ ಗಾಳಿ ಮಾತ್ರ ಯಾವ ಭಾಷೆಯವರನ್ನೂ ಬಿಡದೆ ಸುಡುತ್ತಿತ್ತು. ಬಯಲು ನಾಡಿನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆ ಹವಾಮಾನ ಇಲಾಖೆಯವರು ಬಿಸಿಗಾಳಿಯ ಲೆಕ್ಕ ಹಾಕುತ್ತಾರೆ. ಸೊಲ್ಲಾಪುರದವರಿಗೆ ಮೇ ತಿಂಗಳಿನಲ್ಲಿ 40 ಡಿಗ್ರಿ ಎಂದರೆ ಸಾಧಾರಣ ದಿನ.

ನಾವು ಉಳಿದುಕೊಂಡ ಮನೆ ಹಳೆಯ ಕಾಲದ ಮಾಳಿಗೆ ಮನೆ. ಕಪ್ಪು ಕಲ್ಲಿನ ದಪ್ಪ ಗೋಡೆ, ಮೇಲೆ ಮರದ ತೊಲೆ, ಜಂತಿ, ಅದರ ಮೇಲೆ ದಪ್ಪನಾಗಿ ಹಾಸಿದ ಮಣ್ಣು. ಮಾಳಿಗೆಯಲ್ಲಿ ಬೆಳಕಿಗೂ ಗಾಳಿಗೂ ಒಂದು ಗವಾಕ್ಷಿ. ಒಳಗೆ ಕಾಲಿಟ್ಟೊಡನೆ ಬಾವಿಯ ಬದಿಯಲ್ಲಿ ನಿಂತ ತಂಪು. ಆದರೆ ಮನೆಯ ಮುಂದಿನ ಅರ್ಧವನ್ನು ಕೆಡವಿ ಸ್ಲ್ಯಾಬ್ ಹಾಕಿದ್ದರು. ಗಿಲಾವು ಇನ್ನೂ ಆಗಿರಲಿಲ್ಲ.

"ಮಾಳಿಗಿ ಸೋರತಿತ್ರಿ ಫಾದರ್. ವರ್ಷಾ ಮಳಿಗಾಲಕ್ಕ ಮೊದಲ ಮಣ್ಣು ಹಾಕಬೇಕು. ಈಗ ಮಣ್ಣು ಹಾಕವ್ರೂ ಸಿಗಂಗಿಲ್ಲ, ಜಂತಿಗೆ ಗೆದ್ದಲ ಬ್ಯಾರೆ" ಎಂದರು ಮನೆಯ ಯಜಮಾನರು. ಅವರ ಮಾತು ನಿಜ. ಹಳೆಯದೆಲ್ಲ ಚೆನ್ನ ಎಂದು ದೂರದಿಂದ ಹೊಗಳುವವರು ಮಳೆಗಾಲದ ರಾತ್ರಿ ಬಂದು ಪಾತ್ರೆ ಇಡಬೇಕಾಗುವುದಿಲ್ಲ.

ಆದರೆ ಹೊಸ ಕೋಣೆಯಲ್ಲಿ ಮಲಗಿದ ಮುತ್ಯಾ ಆ ವಾರವಷ್ಟೇ ತಲೆ ತಿರುಗಿ ಬಿದ್ದಿದ್ದರು. ರಾತ್ರಿ ಹತ್ತು ಗಂಟೆಗೆ ನಾವು ಆ ಕೋಣೆಯ ಗೋಡೆ ಮುಟ್ಟಿ ನೋಡಿದೆವು, ಬೆಚ್ಚಗಿರಲಿಲ್ಲ, ಸುಡುತ್ತಿತ್ತು. ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು, ಹೊರಗೆ ತಂಪಾದ ಮೇಲೆ ಅದನ್ನು ಒಳಗೆ ಉಗುಳುತ್ತದೆ. ಫ್ಯಾನು ಆ ಬಿಸಿಯನ್ನೇ ತಿರುಗಿಸಿ ಮೈಮೇಲೆ ಹಾಕುತ್ತದೆ. ವಯಸ್ಸಾದವರ ಮೈಗೆ ಬಿಸಿಯನ್ನು ಹೊರಹಾಕುವ ಶಕ್ತಿ ಕಡಿಮೆ, ಬಾಯಾರಿಕೆಯೂ ಬೇಗ ತಿಳಿಯುವುದಿಲ್ಲ. ರಾತ್ರಿಯೂ ತಂಪು ಸಿಗದಿದ್ದರೆ ಅಪಾಯ ಅಲ್ಲಿಂದಲೇ ಆರಂಭವಾಗುತ್ತದೆ.

ಪುಣೆಯಲ್ಲಿ ಕೆಲಸದಲ್ಲಿದ್ದ ಮಗ ಎರಡು ಎ.ಸಿ. ಕೊಳ್ಳಲು ಹಣ ಕಳುಹಿಸಿದ್ದ. ನಮ್ಮ ಹಿರಿಯರು ಮೊದಲು ತಾರಸಿ ಹತ್ತಿದರು, ಆಮೇಲೆ ಪಡುವಣ ಗೋಡೆಯ ಬಳಿ ನಿಂತರು. "ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಬಿಸಿ ಬರುವ ಬಾಗಿಲು ತೆರೆದಿಟ್ಟು ಕೂಲಿಯಾಳನ್ನು ಇಟ್ಟರೆ ಅವನು ದಿನವಿಡೀ ಹೊರಬೇಕಾಗುತ್ತದೆ, ಕೂಲಿ ನೀವು ಕೊಡಬೇಕಾಗುತ್ತದೆ" ಎಂದರು. ಒಂದು ಟನ್, ಒಂದೂವರೆ ಟನ್ ಎಂದು ಅಂಗಡಿಯಲ್ಲಿ ಹೇಳುವುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿ ಎಂದು ಅದರರ್ಥ. ಇದನ್ನೂ ನಾವು ಅಂದೇ ತಿಳಿದದ್ದು.

ರಾತ್ರಿ ಅಂಗಳದಲ್ಲಿ ಹೊರಸಿನ ಮೇಲೆ ಕುಳಿತು ಆ ಕುಟುಂಬದವರು ತೀರ್ಮಾನಕ್ಕೆ ಬಂದರು. ಹಿಂದಿನ ಮಾಳಿಗೆ ಕೋಣೆಯನ್ನು ಕೆಡವುವುದಿಲ್ಲ. ಗೆದ್ದಲು ತಿಂದ ಜಂತಿ ಬದಲಿಸಿ, ಮಳೆ ತಡೆಯಲು ಮೇಲೆ ಸ್ವಲ್ಪ ಎತ್ತರದಲ್ಲಿ ತಗಡು ಹಾಕಿಸಿ, ಮುತ್ಯಾ ಅಲ್ಲೇ ಮಲಗುವುದು. ಸ್ಲ್ಯಾಬಿನ ಮೇಲೆ ಬಿಸಿಲನ್ನು ಹಿಂದಕ್ಕೆ ಕಳುಹಿಸುವ ಬಿಳಿ ಬಣ್ಣ. ಪಕ್ಕದ ತೆಲಂಗಾಣದಲ್ಲಿ 2023ರಲ್ಲಿ ಸರ್ಕಾರವೇ ಇಂಥ ತಂಪು ಮಾಡುಗಳಿಗಾಗಿ ನೀತಿಯೊಂದನ್ನು ಹೊರಡಿಸಿದೆ. ಪಡುವಣ ಗೋಡೆಗೆ ಚಪ್ಪರ, ಅದರಾಚೆ ಒಂದು ಬೇವಿನ ಸಸಿ. ಎ.ಸಿ. ಈಗ ಒಂದೇ ಕೋಣೆಗೆ, ಆದರೆ ಎರಡು ಕೋಣೆಗೂ ವೈರು ಮತ್ತು ಪೈಪಿನ ದಾರಿಯನ್ನು ಗಿಲಾವಿನ ಮೊದಲೇ ಬಿಡುವುದು.

ಕೂಲರ್ ಬಗ್ಗೆಯೂ ಮಾತು ಬಂತು. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುತ್ತದೆ, ಅದೇ ಕೂಲರಿನ ಗುಟ್ಟು. ಅಕ್ಕಲಕೋಟೆಯ ಒಣ ಗಾಳಿಗೆ ಅದು ತಕ್ಕದ್ದು. ಆದರೆ ಎದುರು ಕಿಟಕಿ ತೆರೆದಿರಬೇಕು, ದಿನಕ್ಕೆ ಹಲವು ಕೊಡ ನೀರೂ ಬೇಕು. "ನೀರಿಂದs ಚಿಂತಿ ನಮಗ" ಎಂದರು ಮನೆಯ ತಾಯಿ. ನಮ್ಮ ಕಾಸರಗೋಡಿನಲ್ಲಿ ನೀರು ಧಾರಾಳ, ಆದರೆ ಗಾಳಿ ಮೊದಲೇ ತೇವದಿಂದ ತುಂಬಿದೆ. ಅಲ್ಲಿ ಕೂಲರ್ ಇಟ್ಟರೆ ಮೈ ಅಂಟಂಟಾಗುವುದೊಂದೇ ಲಾಭ. ಒಂದು ಊರಿನ ಮದ್ದು ಇನ್ನೊಂದು ಊರಿಗೆ ಹತ್ತುವುದಿಲ್ಲ.

ಹೊರಡುವಾಗ ಆ ತಾಯಿ ನಮಗೆ ಎರಡು ಸೊಲ್ಲಾಪುರದ ಚಾದರ ಕೊಟ್ಟರು. ಆ ಬಿಸಿಲಿನಲ್ಲಿ ಅದನ್ನು ಕಂಡು ನಗು ಬಂತು. ಡಿಸೆಂಬರಿನಲ್ಲಿ ಅದೇ ಚಾದರ ನಮ್ಮ ಚೀಲದಲ್ಲಿ ನೀಲಗಿರಿ ಹತ್ತಿತು.

ಅಲ್ಲಿಗೆ ಹೋದದ್ದು ಧ್ಯಾನಕೂಟವೊಂದಕ್ಕೆ. ಮೇಟ್ಟುಪಾಳಯದಿಂದ ಉದಕಮಂಡಲಕ್ಕೆ ಪುಟ್ಟ ರೈಲು 46 ಕಿಲೋಮೀಟರ್ ದೂರವನ್ನು, ಕೂನೂರಿಗೆ ಮುಂಚಿನ ಕಡಿದಾದ ಭಾಗದಲ್ಲಿ ಹಲ್ಲುಹಳಿ ಕಚ್ಚಿಕೊಂಡು, ಏರುತ್ತದೆ. ಕೂನೂರು ದಾಟುವಾಗ ಚಾದರ ಹೊದ್ದೆವು. ಉದಕಮಂಡಲ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಮುಂಜಾವುಗಳಲ್ಲಿ ಸುತ್ತಲಿನ ತಗ್ಗುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಈ ಬೆಟ್ಟ ಹತ್ತಿದ ಮೇಲೆ ಇಲ್ಲಿ ಇಂಗ್ಲಿಷರ ಬಂಗಲೆಗಳೆದ್ದವು. ಅವುಗಳಲ್ಲಿ ಗೋಡೆಯೊಳಗೆ ಬೆಂಕಿಗೂಡು, ಮೇಲೆ ಹೊಗೆಕೊಳವೆ. ಬಡಗರ ಹಟ್ಟಿಗಳಲ್ಲಿ ಮನೆಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿವೆ. ನಡುವಿನ ಮನೆಯವರಿಗೆ ಎರಡೂ ಕಡೆಯ ನೆರೆಯವರೇ ಕಂಬಳಿ!

ಧ್ಯಾನಕೂಟ ಮುಗಿದ ಮೇಲೆ ಕೇತಿ ಕಣಿವೆಯ ಒಂದು ಮನೆಗೆ ಹೋದೆವು. ಮಾತು ಬಡಗವಾದರೂ ನಿಧಾನವಾಗಿ ಆಡಿದರೆ ನಮಗೆ ಅರ್ಥವಾಗುತ್ತಿತ್ತು. ಅವರೂ ನಮ್ಮ ಕನ್ನಡವನ್ನು ಸಲೀಸಾಗಿ ಹಿಡಿಯುತ್ತಿದ್ದರು. ಅಲ್ಲಿಯೂ ಗೋಡೆ ಒಡೆದಿತ್ತು. ತಗಡಿನ ಮಾಡಿನ ಕೆಳಗಿದ್ದ ಹಳೆಯ ಮರದ ಹಲಗೆಯನ್ನು ತೆಗೆದಿದ್ದರು. ಇಬ್ಬನಿಯ ತೇವ ತಗಡಿನ ಒಳಮೈಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಸಂದುಗಳಿಂದ ಗಾಳಿ ನುಗ್ಗುತ್ತದೆಂದು ಬಟ್ಟೆ ತುರುಕಿದ್ದರು. ಒಳಕೋಣೆಯಲ್ಲಿ ಅಜ್ಜಿಯ ಮಂಚದ ಪಕ್ಕದಲ್ಲಿ ಕಬ್ಬಿಣದ ಬಾಣಲೆ, ಅದರ ತುಂಬ ಇದ್ದಿಲ ಕೆಂಡ.

"ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ ಬಂದ ಹಾಗಾಗುತ್ತದೆ. ವಯಸ್ಸಾಯಿತಲ್ಲ ಸ್ವಾಮಿ" ಎಂದರು ಅಜ್ಜಿ. ನಮ್ಮ ಹಿರಿಯರು ಏನೂ ಹೇಳದೆ ಎದ್ದುಹೋಗಿ ಬಾಣಲೆಯನ್ನು ಅಂಗಳಕ್ಕೆ ಸಾಗಿಸಿ ಬಂದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ಮಂಪರು ಅದರ ಗುರುತು. ಮಂಪರಿನಿಂದ ಎಚ್ಚರವಾಗದೇ ಹೋದವರ ಸುದ್ದಿಯನ್ನು ಪ್ರತಿ ಚಳಿಗಾಲದಲ್ಲೂ ಪತ್ರಿಕೆಗಳಲ್ಲಿ ಓದುತ್ತೇವೆ. ಗಾಳಿಯಾಡದ ಬಚ್ಚಲಲ್ಲಿಟ್ಟ ಗ್ಯಾಸ್ ಗೀಸರ್ ಕೂಡ ಇದೇ ಕೆಲಸ ಮಾಡುತ್ತದೆ. ಆ ಮನೆಯ ಮಗ ತುಂಬ ಹೊತ್ತು ಸುಮ್ಮನೆ ಕುಳಿತಿದ್ದ. "ನಾನೇ ದಿನಾ ಕೆಂಡ ತುಂಬಿಸಿ ಕೊಡುತ್ತಿದ್ದೆ" ಎಂದ ಕೊನೆಗೆ. ಪ್ರೀತಿಯಿಂದ ಮಾಡಿದ ಕೆಲಸವೇ ಅಪಾಯವಾಗಿತ್ತು.

ಮರುದಿನ ಅವರ ಯೋಜನೆಯೂ ಬದಲಾಯಿತು. ಮೊದಲ ಕೆಲಸ ಮಾಡಿನದು: ತಗಡಿನ ಕೆಳಗೆ ರಾಕ್‌ವೂಲ್ ಎಂಬ, ಬೆಂಕಿ ಹತ್ತದ ನಾರಿನ ಹಾಸು, ಅದರ ಕೆಳಗೆ ಮತ್ತೆ ಮರದ ಹಲಗೆ. ಎರಡನೆಯದು ಕಿಟಕಿಯ ಸಂದು ಮುಚ್ಚುವುದು, ಆದರೆ ಉಸಿರಾಟಕ್ಕೆ ಮೇಲೊಂದು ಗಾಳಿಗಂಡಿ ಬಿಡುವುದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಅಜ್ಜಿಯ ಕೋಣೆಗೆ ತೆಂಕಣ ಗೋಡೆಯಲ್ಲಿ ಗಾಜಿನ ಕಿಟಕಿ. ಅನಂತರ ಹೀಟರ್. 2,000 ವಾಟಿನ ಹೀಟರ್ ಗಂಟೆಗೆ ಎರಡು ಯೂನಿಟ್ ವಿದ್ಯುತ್ ತಿನ್ನುತ್ತದೆ, ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಅದನ್ನು ಚುಚ್ಚಬಾರದು. ಚಳಿಗೂ ಸೆಕೆಗೂ ಆಗುವ ಎ.ಸಿ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಒಳಗೆ ತರುವುದರಿಂದ ಅಷ್ಟೇ ಬಿಸಿಗೆ ಹೀಟರಿಗಿಂತ ಬಹಳ ಕಡಿಮೆ ವಿದ್ಯುತ್ ಸಾಕು; ಕೊಳ್ಳುವಾಗಿನ ಖರ್ಚು ಮಾತ್ರ ಹೆಚ್ಚು. ಅದನ್ನು ಮುಂದೆ ನೋಡೋಣವೆಂದು, ಸದ್ಯಕ್ಕೆ ಅದಕ್ಕೆ ಬೇಕಾದ ದಪ್ಪ ವೈರನ್ನು ಮಾತ್ರ ಎಳೆಸಿದರು. ಚಾದರಗಳಲ್ಲಿ ಒಂದನ್ನು ಅಜ್ಜಿಗೆ ಹೊದಿಸಿ ಬಂದೆವು.

ಪ್ರಿಯ ಓದುಗರೇ, ಊರಿಗೆ ಮರಳಿ ನಮ್ಮ ಗುರುಮನೆಯ ಮೇಸ್ತ್ರಿಯ ಮುಂದೆ ಕುಳಿತಾಗ ನಾವು ಬರೆದುಕೊಂಡ ಪಟ್ಟಿ ಇದು. ನಿಮ್ಮಲ್ಲಿ ಮನೆ ರಿಪೇರಿಗೆ ಹೊರಟವರಿಗೂ ಉಪಯೋಗಕ್ಕೆ ಬಂದೀತು.

ಮೊದಲು, ಮನೆಯಲ್ಲಿ ಎಲ್ಲರಿಗಿಂತ ಬಲಹೀನರು ಯಾರು, ಅವರು ಮಲಗುವುದೆಲ್ಲಿ ಎಂದು ಕೇಳಿಕೊಳ್ಳಿ. ಹಜಾರದ ಅಂದಕ್ಕಿಂತ ಮೊದಲು ಆ ಕೋಣೆಗೆ ಹಣ ಇಡಿ. ಎರಡನೆಯದಾಗಿ ಮಾಡು, ಗೋಡೆ, ಕಿಟಕಿ, ನೆರಳು, ಯಂತ್ರ ಅನಂತರ. ಮನೆ ಸರಿಯಾದರೆ ಸಣ್ಣ ಯಂತ್ರ ಸಾಕು. ಮೂರನೆಯದಾಗಿ, ಇಂದು ಎ.ಸಿ. ಅಥವಾ ಹೀಟರ್ ಕೊಳ್ಳದಿದ್ದರೂ ಸಾರಣೆಗೆ ಮೊದಲೇ ಅದಕ್ಕೆ ಪ್ರತ್ಯೇಕ ವೈರು, ಎಂ.ಸಿ.ಬಿ., ಅರ್ತಿಂಗ್, ಹೊರಗೆ ಇಳಿಜಾರಾದ ನೀರಿನ ಪೈಪು, ಹೊರಗಿನ ಪೆಟ್ಟಿಗೆಗೆ ನೆರಳಿನ ಜಾಗ ಇವಿಷ್ಟನ್ನು ಗುರುತಿಸಿಡಿ. ನಾಲ್ಕನೆಯದಾಗಿ, ಕೊಳ್ಳುವಾಗ ಬೆಲೆಯ ಚೀಟಿಯ ಜೊತೆಗೆ ನಕ್ಷತ್ರದ ಚೀಟಿಯನ್ನೂ ಓದಿ. ಬಳಸುವಾಗ 18 ಡಿಗ್ರಿಗೆ ಇಳಿಸಬೇಕಿಲ್ಲ, 24 ಸಾಕು, ಫ್ಯಾನು ಜೊತೆಗಿರಲಿ. ಕೊನೆಯದಾಗಿ, ಉರಿಯುವ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಎಂದೂ ಮಲಗಬೇಡಿ.

ನಮ್ಮ ಗುರುಮನೆಯ ಹಂಚಿನ ಮಾಡನ್ನು ಈ ಸಲ ಕೆಡವಲಿಲ್ಲ. ಒಡೆದ ಹಂಚು ಬದಲಿಸಿ, ಕೆಳಗೆ ಹಲಗೆ ಹಾಕಿಸಿ, ಬಿಸಿಗಾಳಿ ಹೊರಹೋಗಲು ಮೇಲೆ ಎರಡು ಕಿಂಡಿ ಬಿಡಿಸಿದ್ದೇವೆ. ಗೋಡೆಯೊಳಗೆ ವೈರಿನ ಪೈಪು ಕುಳಿತಾಗಿದೆ. ನಾಳೆ ಸಾರಣೆ. ಬರಲಿರುವ ಗುರುಗಳ ಮಂಚಕ್ಕೆಂದು ಸೊಲ್ಲಾಪುರದ ಇನ್ನೊಂದು ಚಾದರವನ್ನು ಮಡಚಿ ಇಟ್ಟಿದ್ದೇವೆ.