"ಗೊತ್ತಾಗುತ್ತಾ ಮೇಷ್ಟ್ರೇ?"

1978ರ ನವೆಂಬರ್ 5, ಭಾನುವಾರ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಪಕ್ಕದ ಹೆಂಚಿನ ಶಾಲೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ತೋಟದ ಲಾರಿ ಬಂದು ಅಂಗಳದಲ್ಲಿ ನಿಂತಿತು. ಮುಂದಿನ ಸೀಟಿನಿಂದ ತೋಟದ ಲೆಕ್ಕ ಬರೆಯುವ ರೈಟರು ಇಳಿದರು, ಕಂಕುಳಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ. ಹಿಂದಿನಿಂದ ಮೂವತ್ತು ನಲವತ್ತು ಜನ ಲೈನಿನವರು, ಅಂದರೆ ತೋಟದ ಸಾಲುಮನೆಗಳ ಆಳುಗಳು, ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಹೆಂಗಸರೇ ಹೆಚ್ಚು. ಹಣಿ ಮಳೆ ಬಿದ್ದಿದ್ದರಿಂದ ಕೆಲವರು ಇನ್ನೂ ಕಂಬಳಿ ಕೊಪ್ಪೆ ತೆಗೆದಿರಲಿಲ್ಲ. ರೈಟರು ಬೆಳಗಿನ ಹಾಜರಿ ಕರೆಯುವ ಹಾಗೆಯೇ ಹೆಸರು ಕರೆದರು, ಅವರು ಹಾಗೆಯೇ ಸಾಲಾಗಿ ನಿಂತರು.

ನನಗಾಗ ಇಪ್ಪತ್ತನಾಲ್ಕು ವರ್ಷ. ಮೇಷ್ಟ್ರ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಬೆರಳಿಗೆ ಶಾಯಿ ಹಚ್ಚುವುದು, ಕೌಂಟರ್‌ಫಾಯಿಲ್ ಮೇಲೆ ಹೆಬ್ಬೆಟ್ಟು ಒತ್ತಿಸುವುದು ನನ್ನ ಪಾಲಿಗೆ ಬಂದಿತ್ತು. ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕಿ ಎಡಗೈ ತೋರುಬೆರಳು ನನ್ನ ಮುಂದೆ ಚಾಚಿದವಳು, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು: "ಯಾರಿಗೆ ಒತ್ತಿದ್ದು ಅಂತ ಸಾವ್ಕಾರ್ರಿಗೆ ಗೊತ್ತಾಗುತ್ತಾ ಮೇಷ್ಟ್ರೇ?"

"ಇಲ್ಲ ಅಮ್ಮ, ಯಾರಿಗೂ ಗೊತ್ತಾಗಲ್ಲ" ಅಂದೆ. ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಆ ಚುನಾವಣೆ ಯಾವುದೆಂದು ಓದುಗರಿಗೆ ಹೇಳಬೇಕಾಗಿಲ್ಲ. 1977ರಲ್ಲಿ ರಾಯಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರು ಸಂಸತ್ತಿಗೆ ಮರಳಲು ಆರಿಸಿಕೊಂಡದ್ದು ನಮ್ಮ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ. ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತವೆಲ್ಲ ಕೈಬಿಟ್ಟ 1977ರ ಚುನಾವಣೆಯಲ್ಲೂ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತ್ತು. 1971ರಲ್ಲೂ 1977ರಲ್ಲೂ ಇಲ್ಲಿಂದ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. ಎದುರಿಗೆ ನಿಂತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು, ಮಾಜಿ ಮುಖ್ಯಮಂತ್ರಿ. ಅವರ ಪರವಾಗಿ ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸ್ ಹಳ್ಳಿ ಹಳ್ಳಿ ತಿರುಗಿದರು. ಈ ಕಡೆ ಮುಖ್ಯಮಂತ್ರಿ ದೇವರಾಜ ಅರಸರು. ಪ್ರಪಂಚದ ಪತ್ರಕರ್ತರೆಲ್ಲ ಬಂದು ನಮ್ಮ ಜಿಲ್ಲೆಯ ಲಾಡ್ಜುಗಳಲ್ಲಿ ಕೋಣೆ ಸಿಗದ ಹಾಗಾಗಿತ್ತು. ಇಂದಿರಾ ಗಾಂಧಿಯವರ ಗೆಲುವಿನ ಅಂತರ 77,333. ಆ ಸಂಖ್ಯೆ ನಮ್ಮ ಕಡೆ ಹಳೆಯ ತಲೆಗಳಿಗೆ ಇವತ್ತಿಗೂ ಬಾಯಿಪಾಠ. ಆದರೆ ಡಿಸೆಂಬರ್ 19ರಂದೇ ಲೋಕಸಭೆ ಅವರ ಸದಸ್ಯತ್ವ ರದ್ದು ಮಾಡಿ ಜೈಲಿಗೆ ಕಳಿಸಿತು. ಒಂದೂವರೆ ತಿಂಗಳೂ ಆಗದೆ ಚಿಕ್ಕಮಗಳೂರಿಗೆ ಸಂಸದರೇ ಇಲ್ಲವಾದರು. 1980ರಲ್ಲಿ ಅವರು ಮತ್ತೆ ಪ್ರಧಾನಿಯಾದದ್ದು ಬೇರೆ ಕ್ಷೇತ್ರಗಳಿಂದ ಗೆದ್ದು.

ಕ್ಷೇತ್ರದ ಚರಿತ್ರೆ ಬರೆಯುವವರೆಲ್ಲ ಆ ನವೆಂಬರಿಗೇ ನಿಂತುಬಿಡುತ್ತಾರೆ. ನಾನು ಅಲ್ಲಿಂದ 2014ರವರೆಗೆ, ನಿವೃತ್ತಿಯಾಗುವ ತನಕ, ಪ್ರತಿ ಚುನಾವಣೆಯಲ್ಲೂ ಡ್ಯೂಟಿ ಮಾಡಿದವನು. ನನಗೆ ಮುಖ್ಯವಾಗಿ ಕಾಣುವುದು ಆ ಮುದುಕಿಯ ಪ್ರಶ್ನೆ.

ನಮ್ಮಪ್ಪ 1952ರಲ್ಲಿ ಓಟು ಹಾಕಿದ್ದನ್ನು ಹೇಳುತ್ತಿದ್ದರು. ಆಗ ಇದು ಹಾಸನ–ಚಿಕ್ಕಮಗಳೂರು ಕ್ಷೇತ್ರ. ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿಯೇ ಇರಲಿಲ್ಲ. ಮರೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಅವರವರ ಗುರುತು. ಯಾರಿಗೆ ಬೇಕೋ ಆ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಜೋಡೆತ್ತಿನ ಪೆಟ್ಟಿಗೆಗೆ ಕೈಮುಗಿದು ಬಂದವರೂ ಇದ್ದರಂತೆ. 1960ರ ದಶಕದ ಹೊತ್ತಿಗೆ ಎಲ್ಲ ಗುರುತುಗಳೂ ಒಂದೇ ಚೀಟಿಗೆ ಬಂದವು. ಒಂದೇ ಪೆಟ್ಟಿಗೆ, ಒಂದೇ ರಬ್ಬರ್ ಮುದ್ರೆ. 1967ರಲ್ಲಿ ಇದೇ ಜನ ಪ್ರಜಾ ಸೋಷಲಿಸ್ಟ್ ಪಕ್ಷದ ಗುಡಿಸಲಿಗೆ ಒತ್ತಿ ಎಂ. ಹುಚ್ಚೇಗೌಡರನ್ನು ದಿಲ್ಲಿಗೆ ಕಳಿಸಿದ್ದರು. ಚಿಕ್ಕಮಗಳೂರು ಯಾವಾಗಲೂ ಒಂದೇ ಕಡೆ ವಾಲಿದ ಕ್ಷೇತ್ರ ಎನ್ನುವವರು ಇದನ್ನು ಮರೆಯುತ್ತಾರೆ.

ಪೇಪರ್ ಕಾಲದ ಡ್ಯೂಟಿ ಬಹಳ ಕಷ್ಟದ್ದು. ಹಿಂದಿನ ದಿನ ಮಸ್ಟರಿಂಗ್. ತಾಲ್ಲೂಕು ಕೇಂದ್ರದ ಮೈದಾನದಲ್ಲಿ ಬಿಸಿಲಿಗೆ ಕೂತು ಬ್ಯಾಲೆಟ್ ಪೇಪರಿನ ಒಂದೊಂದೇ ನಂಬರು ತಾಳೆ ನೋಡಬೇಕು. ಕಬ್ಬಿಣದ ಪೆಟ್ಟಿಗೆ, ಅರಗು, ಹಿತ್ತಾಳೆ ಸೀಲು, ಟ್ವೈನ್ ದಾರ, ಮೊಂಬತ್ತಿ, ಪೇಪರ್ ಸೀಲು, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸದ ಶಾಯಿಯ ಸೀಸೆ. ಒಂದು ಕಡಿಮೆ ಬಂದರೂ ರಾತ್ರಿಯೆಲ್ಲ ನಿದ್ದೆಯಿಲ್ಲ. ಜೀಪು ಹೋಗುವಷ್ಟು ದೂರ ಜೀಪು, ಆಮೇಲೆ ತಲೆಹೊರೆ. ಕಳಸದ ಆಚೆಯ ಒಂದು ಬೂತಿಗೆ ಪೆಟ್ಟಿಗೆಯನ್ನು ತೋಟದ ಆಳೊಬ್ಬ ಹೊತ್ತ, ನಾವು ಹಿಂದಿನಿಂದ ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ನಡೆದೆವು. ರಾತ್ರಿ ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗುವುದು, ನಾಲ್ಕು ಗಂಟೆಗೆ ಎದ್ದು ಹಳ್ಳದ ನೀರಿನಲ್ಲಿ ಸ್ನಾನ. ಊಟ ಯಾರ ಮನೆಯಿಂದ ಬಂತೋ ಅವರ ಪಕ್ಷ ಯಾವುದು ಎಂದು ವಿಚಾರಿಸಿಯೇ ಉಣ್ಣಬೇಕು ಎನ್ನುತ್ತಿದ್ದ ಪ್ರಿಸೈಡಿಂಗ್ ಆಫೀಸರ್ ಒಬ್ಬರಿದ್ದರು. ಅವರು ಚಿತ್ರಾನ್ನವನ್ನು ಮನೆಯಿಂದಲೇ ಕಟ್ಟಿಸಿಕೊಂಡು ಬರುತ್ತಿದ್ದರು. ನಾನು ಆ ಕುರ್ಚಿಯಲ್ಲಿ ಕೂತ ಮೇಲೆ ಅದೇ ರೂಢಿ ಇಟ್ಟುಕೊಂಡೆ.

ಚೀಟಿ ಮಡಿಸುವುದಕ್ಕೂ ಒಂದು ಕ್ರಮವಿತ್ತು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ತಿರುಗಾಮುರುಗಾ ಮಡಿಸಿದರೆ ಹಸಿ ಮುದ್ರೆ ಇನ್ನೊಬ್ಬರ ಗುರುತಿನ ಮೇಲೆ ಮೂಡಿ, ಎಣಿಕೆಯ ದಿನ ಜಗಳ. ಕೆಲವರು ಒತ್ತಿದ ಚೀಟಿಯನ್ನು ಮಡಿಸದೆ ಹೊರಗೆ ತಂದು ಏಜೆಂಟನಿಗೆ ಕಾಣುವ ಹಾಗೆ ಹಿಡಿಯುತ್ತಿದ್ದರು. ಅದು ಭಯದಿಂದ ಮಾಡುವ ಕೆಲಸ. ನಾನು ಎದ್ದು ಹೋಗಿ, "ಮಡಿಸಿ, ಮಡಿಸಿ ಹಾಕಿ" ಎಂದು ಗದರಿಸುತ್ತಿದ್ದೆ. ಗದರಿಸಿದ್ದು ಅವರನ್ನು ಕಾಯುವುದಕ್ಕೆ.

ಲೈನಿನವರಿಗೆ ಮನೆ, ಅಕ್ಕಿ, ಮಗಳ ಮದುವೆಗೆ ಮುಂಗಡ ಎಲ್ಲವೂ ತೋಟದಿಂದಲೇ ಬರಬೇಕು. ಅಭ್ಯರ್ಥಿಯ ಕಡೆಯವರು ಓಟುದಾರರನ್ನು ಗಾಡಿಯಲ್ಲಿ ಸಾಗಿಸುವುದು ಕಾಯ್ದೆಯಲ್ಲಿ ಆಗಲೂ ತಪ್ಪೇ. ಆದರೆ ಲಾರಿ ತೋಟದ್ದು, ಆಳುಗಳೂ ತೋಟದವರು, ಯಾರು ಕೇಳುತ್ತಾರೆ? ಅಂಥವರಿಗೆ ಮರೆಯ ಹಿಂದಿನ ಎರಡು ನಿಮಿಷವೇ ಸ್ವಂತದ್ದು. ಅರಸರ ಕಾಲದ ಭೂಸುಧಾರಣೆ, ನಿವೇಶನ ಹಂಚಿಕೆಗಳ ನಂತರ ಬಡವರ ಓಟು ಧಣಿಯ ಓಟಿನಿಂದ ಬೇರೆಯಾಗತೊಡಗಿತ್ತು ಎಂದು ನಾನು ನಂಬಿದ್ದೇನೆ. ಹಾಗೆ ಬೇರೆಯಾಗಲು ಅದಕ್ಕೆ ಗುಟ್ಟು ಬೇಕಿತ್ತು.

ವರ್ಷಗಳು ಉರುಳಿದವು. ಡಿ.ಎಂ. ಪುಟ್ಟೇಗೌಡರು, ಡಿ.ಕೆ. ತಾರಾದೇವಿಯವರು ಒಬ್ಬರಾದ ಮೇಲೊಬ್ಬರು ಗೆದ್ದರು. 1989ರಲ್ಲಿ ಹದಿನೆಂಟು ತುಂಬಿದವರೂ ಸಾಲಿಗೆ ಬಂದರು. ನಾನೇ ಮಗ್ಗಿ ಕಲಿಸಿದ ಹುಡುಗಿ ನನ್ನ ಎದುರಿಗೆ ಬೆರಳು ಚಾಚಿದಾಗ ಆದ ಸಂತೋಷ ಹೇಳತೀರದು. ಮುಖ್ಯ ಚುನಾವಣಾ ಆಯುಕ್ತ ಶೇಷನ್ ಅವರ ಕಾಲದಲ್ಲಿ ಗುರುತಿನ ಚೀಟಿಗೆ ಫೋಟೋ ತೆಗೆಯುವ ಕೆಲಸ ಶುರುವಾಯಿತು. ಶಾಲೆಯ ಗೋಡೆಗೆ ಬಟ್ಟೆ ಕಟ್ಟಿ ಸಾಲು ನಿಲ್ಲಿಸಿದಾಗ, ಲೈನಿನ ಎಷ್ಟೋ ಹೆಂಗಸರಿಗೆ ಅದು ಜೀವನದ ಮೊದಲ ಫೋಟೋ. ಆ ಕಾರ್ಡನ್ನು ಅವರು ದೇವರ ಪಟದ ಹಿಂದೆ ಇಟ್ಟು ಕಾಪಾಡಿಕೊಂಡರು. ಚೆಕ್‌ರೋಲ್ ಹಿಡಿದ ರೈಟರು ಕಾಣೆಯಾದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಲೈನಿನವರು ತಮ್ಮ ತಮ್ಮ ಕಾರ್ಡು ಹಿಡಿದು ನಡೆದೇ ಬರತೊಡಗಿದರು.

1996ರಲ್ಲಿ ಜನತಾದಳದ ಬಿ.ಎಲ್. ಶಂಕರ್ ಗೆದ್ದರು. ಪೇಪರ್ ಎಣಿಕೆಯ ಆ ದಿನಗಳನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಕಂಡವರು ಕಡಿಮೆಯಾಗುತ್ತಿದ್ದಾರೆ. ಒಂದೊಂದು ಬೂತಿನ ಪೆಟ್ಟಿಗೆ ಒಡೆದು, ಮೊದಲು ಚೀಟಿಗಳ ಸಂಖ್ಯೆ ಮಾತ್ರ ತಾಳೆ ನೋಡಿ ಕಟ್ಟು ಕಟ್ಟುವುದು. ಯಾರಿಗೆ ಎಷ್ಟು ಎಂದು ಅಲ್ಲಿ ನೋಡುವ ಹಾಗಿಲ್ಲ. ಆ ಕಟ್ಟುಗಳನ್ನೆಲ್ಲ ದೊಡ್ಡ ಡ್ರಮ್ಮಿಗೆ ಸುರಿದು, ಬೇರೆ ಬೇರೆ ಬೂತುಗಳ ಚೀಟಿ ಕಲಸಿ, ಆಮೇಲೆಯೇ ಮೇಜಿಗೆ ಹಂಚುವುದು. ಡ್ರಮ್ಮಿನೊಳಗೆ ತೋಟದ ಲೈನಿನ ಓಟೂ ಪೇಟೆಯ ವಕೀಲರ ಓಟೂ ಬೆರೆತುಹೋಗುತ್ತಿತ್ತು. ಯಾವ ಊರು ಯಾರಿಗೆ ಹಾಕಿತು ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಎಣಿಕೆ ಹಗಲು ರಾತ್ರಿ ನಡೆಯುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಮುದುಕಿಗೆ ಕೊಟ್ಟ ಮಾತು ಆ ಡ್ರಮ್ಮಿನಲ್ಲಿ ಭದ್ರವಾಗಿತ್ತು.

1998, 1999, 2004, ಮೂರು ಸಲವೂ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪನವರು ಗೆದ್ದರು. 2004ರಲ್ಲಿ ದೇಶದ ಎಲ್ಲ 543 ಕ್ಷೇತ್ರಗಳಿಗೂ ಮತಯಂತ್ರ ಬಂತು. ಆ ಯಂತ್ರಗಳಲ್ಲಿ ಎಷ್ಟೋ ನಮ್ಮ ಬೆಂಗಳೂರಿನ ಬಿಇಎಲ್‌ನವೇ ಎಂಬ ಹೆಮ್ಮೆ ತರಬೇತಿಯಲ್ಲಿ ನಮಗೆಲ್ಲ ಇತ್ತು. ಯಂತ್ರವನ್ನು ನಾನು ಮನಸಾರೆ ಸ್ವಾಗತಿಸಿದೆ. ಕುಲಗೆಟ್ಟ ಓಟು ಎನ್ನುವುದೇ ಇಲ್ಲ, ಪೆಟ್ಟಿಗೆ ಹೊತ್ತೊಯ್ದು ಚೀಟಿ ತುಂಬುವ ಭಯವಿಲ್ಲ, ಸಂಜೆ ಬಟನ್ ಒತ್ತಿ ಮುಚ್ಚಿದರೆ ಮುಗಿಯಿತು. ಮಧ್ಯಾಹ್ನದೊಳಗೆ ಫಲಿತಾಂಶ. ಯಂತ್ರವನ್ನು ಬೈಯುವವರ ಜೊತೆ ನಾನಿಲ್ಲ.

ಆದರೆ ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಡ್ರಮ್ಮು ಹೋಗಿತ್ತು. ಒಂದು ಬೂತಿಗೆ ಒಂದು ಯಂತ್ರ, ಆ ಯಂತ್ರದ ಲೆಕ್ಕ ಬೇರೆಯೇ ಓದಿ ಬರೆಯುತ್ತಾರೆ. ಬೂತುವಾರು ಪಟ್ಟಿ ಮರುದಿನವೇ ಎಲ್ಲ ಪಕ್ಷದವರ ಕೈಯಲ್ಲಿರುತ್ತದೆ. ಬಯಲುಸೀಮೆಯ ಸಾವಿರ ಓಟಿನ ಬೂತಿನಲ್ಲಿ ಅದರಿಂದ ಅಷ್ಟು ತೊಂದರೆಯಿಲ್ಲ. ನಮ್ಮ ಮಲೆನಾಡಿನ ಬೂತುಗಳು ಚಿಕ್ಕವು. ಓಟುದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂದು ಕಾಡಿನ ಅಂಚಿನಲ್ಲೂ ಬೂತು ಮಾಡುತ್ತಾರೆ, ಒಳ್ಳೆಯದೇ. ಆದರೆ ಎರಡು ತೋಟದ ಲೈನು, ಹತ್ತು ಮನೆಯ ಒಂದು ಕಾಲೊನಿ, ಇಷ್ಟೇ ಸೇರಿ ಒಂದು ಬೂತಾದರೆ, ಆ ಪಟ್ಟಿ ಓದಿದವನಿಗೆ ಉಳಿದ ಗುಟ್ಟೇನು?

ನಾನು ಪಾಠ ಮಾಡುತ್ತಿದ್ದ ಊರಿನಲ್ಲೇ ಇದು ನಡೆಯಿತು. ಶಾಲೆಗೆ ಬರುವ ಮಣ್ಣು ರಸ್ತೆಗೆ ಜಲ್ಲಿ ಹಾಕಿಸಿ ಎಂದು ಕೇಳಲು ಊರವರ ಜೊತೆ ನಾನೂ ಪಕ್ಷದ ಮುಖಂಡರೊಬ್ಬರ ಬಳಿ ಹೋಗಿದ್ದೆ. ಅವರು ಮಡಿಸಿದ ಹಾಳೆಯೊಂದನ್ನು ಬಿಚ್ಚಿ, ಬೆರಳಿಟ್ಟು ಓದಿ, "ನಿಮ್ಮ ಬೂತಲ್ಲಿ ನಮಗೆ ಬಿದ್ದಿದ್ದು ಇಷ್ಟೇ, ಈಗ ರಸ್ತೆ ಕೇಳೋಕೆ ಬಂದಿದ್ದೀರಾ?" ಅಂದರು. ಕಾಲೊನಿಯ ಜನ ತಲೆತಗ್ಗಿಸಿ ನಿಂತರು. ನನಗೆ 1978ರ ಆ ಬೆರಳು ನೆನಪಾಯಿತು. ಆ ಹಾಳೆ ಬಂದದ್ದು ಕಾನೂನು ಪ್ರಕಾರವೇ, ಯಾರೂ ಕದ್ದದ್ದಲ್ಲ. ಅದೇ ನನಗೆ ಹೆಚ್ಚು ನೋವಿನ ಸಂಗತಿ.

2008ರ ಕ್ಷೇತ್ರ ವಿಂಗಡಣೆಯಲ್ಲಿ ಹಳೆಯ ಚಿಕ್ಕಮಗಳೂರು ಕ್ಷೇತ್ರವೇ ಅಳಿಸಿತು. ಬೀರೂರು ವಿಧಾನಸಭಾ ಕ್ಷೇತ್ರ ಇಲ್ಲವಾಯಿತು, ಕಡೂರು ಹಾಸನಕ್ಕೆ ಹೋಯಿತು, ಬೆಳ್ತಂಗಡಿ ದಕ್ಷಿಣ ಕನ್ನಡಕ್ಕೆ. ಉಳಿದ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಘಟ್ಟದ ಕೆಳಗಿನ ಉಡುಪಿ, ಕುಂದಾಪುರ, ಕಾಪು, ಕಾರ್ಕಳದ ಜೊತೆ ಕೂಡಿ ಉಡುಪಿ–ಚಿಕ್ಕಮಗಳೂರು ಆಯಿತು. ತರೀಕೆರೆಯ ಕೆರೆ ಬಯಲಿನ ರೈತನೂ ಕುಂದಾಪುರದ ಮೀನುಗಾರನೂ ಒಬ್ಬನೇ ಸಂಸದನಿಗೆ ಅಹವಾಲು ಕೊಡಬೇಕು. 2009ರಲ್ಲಿ ಡಿ.ವಿ. ಸದಾನಂದ ಗೌಡರು, ಅವರು ಮುಖ್ಯಮಂತ್ರಿಯಾದ ಮೇಲೆ 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ, 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಘಟ್ಟದ ಮೇಲಿನ ನಾಲ್ಕು ವಿಧಾನಸಭಾ ಕ್ಷೇತ್ರಗಳ ಮಾತು ದಿಲ್ಲಿಗೆ ಮುಟ್ಟುವುದು ಮೊದಲಿಗಿಂತ ಕಷ್ಟವಾಗಿದೆ ಎಂಬುದು ನನ್ನ ಅನಿಸಿಕೆ.

ಊರುಗಳೂ ಮೊದಲಿನಂತಿಲ್ಲ. 2005ರ ಕೊನೆಗೆ ಗಣಿ ನಿಂತ ಮೇಲೆ ಕುದುರೆಮುಖದ ಟೌನ್‌ಶಿಪ್ ಖಾಲಿಯಾಯಿತು. ಒಂದು ಕಾಲದಲ್ಲಿ ಹತ್ತಾರು ಭಾಷೆ ಕೇಳಿಸುತ್ತಿದ್ದ ಸಾಲು ಅಲ್ಲಿ ಕರಗಿಹೋಯಿತು. ತೋಟದ ಲೈನುಗಳಲ್ಲಿ ಈಗ ಇರುವವರು ಹೆಚ್ಚಾಗಿ ಅಸ್ಸಾಮಿನಿಂದ ಬಂದವರು. ಅವರ ಓಟು ಅವರ ಊರಲ್ಲಿದೆ. ಹಳೆಯ ಲೈನಿನವರ ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಚಿಕ್ಕ ಬೂತುಗಳು ಇನ್ನೂ ಚಿಕ್ಕದಾಗುತ್ತಿವೆ, ಪಟ್ಟಿ ಇನ್ನೂ ಸ್ಪಷ್ಟವಾಗಿ ಮಾತಾಡುತ್ತಿದೆ.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಟೋಟಲೈಸರ್ ಎಂಬ ಸಾಧನವಿದೆ. ಹದಿನಾಲ್ಕು ಯಂತ್ರಗಳನ್ನು ಒಟ್ಟಿಗೆ ಜೋಡಿಸಿದರೆ, ಒಂದೊಂದರ ಲೆಕ್ಕ ತೋರಿಸದೆ ಒಟ್ಟು ಮೊತ್ತ ಮಾತ್ರ ಹೇಳುತ್ತದೆ. ಹಳೆಯ ಡ್ರಮ್ಮು ಮಾಡುತ್ತಿದ್ದ ಕೆಲಸವನ್ನೇ ಇದು ಕ್ಷಣದಲ್ಲಿ ಮಾಡುತ್ತದೆ. ಚುನಾವಣಾ ಆಯೋಗ 2008ರಲ್ಲೇ ಇದನ್ನು ಕೇಳಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಸರಿ ಎಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತುವಾರು ಪಟ್ಟಿ ಪಕ್ಷಗಳಿಗೆ ಬೇಕಾಗಿದೆ, ಓಟು ಹಾಕಿದವರಿಗೆ ಮಾತ್ರ ಅದರಿಂದ ಕೇಡು.

ಮುಂದಿನ ಸಲ ನಿಮ್ಮ ಮನೆ ಬಾಗಿಲಿಗೆ ಓಟು ಕೇಳಲು ಯಾರೇ ಬರಲಿ, ಯಾವ ಪಕ್ಷದವರೇ ಆಗಲಿ, ರಸ್ತೆ ನೀರಿನ ಜೊತೆಗೆ ಇದೊಂದನ್ನೂ ಕೇಳಿ: ಟೋಟಲೈಸರ್ ತರಿಸುತ್ತೀರಾ? ಪೇಟೆಯ ದೊಡ್ಡ ಬೂತಿನಲ್ಲಿ ಓಟು ಹಾಕುವ ನಿಮಗೆ ಅದು ಬೇಡದಿರಬಹುದು. ನಮ್ಮ ತೋಟದ ಲೈನಿನವರಿಗೆ, ಕಾಲೊನಿಯವರಿಗೆ ಅದು ಬೇಕು.