ಅಭಿಮನ್ಯು ಹೊರಗೆ ಬರಬಹುದೆ?

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ಅಲ್ಲಿ ಕೃಷ್ಣ ಒಬ್ಬನೇ ಇರುವುದಿಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಕೆಲವು ಕಡೆ ಮೂರನೇ ಕೃಷ್ಣನೂ ಉಂಟು. ಒಬ್ಬ ದ್ವಾರಕೆಯಲ್ಲಿ ಮಲಗಿರುತ್ತಾನೆ, ಇನ್ನೊಬ್ಬ ಸಂಧಾನಕ್ಕೆ ಬರುತ್ತಾನೆ, ಮತ್ತೊಬ್ಬ ರಥ ಹೊಡೆಯುತ್ತಾನೆ. ವ್ಯಾಸರು ಹೇಳಿದ ಕೃಷ್ಣ ಒಬ್ಬನೇ. ಊರಿನಲ್ಲಿ ಆ ಪಾತ್ರ ಬೇಕೆನ್ನುವವರು ಮೂವರು. ಮೂವರೂ ಪಾತ್ರಕ್ಕೆ ಇಷ್ಟು ಎಂದು ಹಣ ಕಟ್ಟಿದವರು, ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು ಕಲಿತವರು. ಮೇಷ್ಟ್ರು ಏನು ಮಾಡಬೇಕು? ಪಾತ್ರವನ್ನು ಮುರಿದು ಹಂಚುತ್ತಾರೆ. ಮುಂದೆ ಕೂತ ಜನರೂ ಅದನ್ನು ಒಪ್ಪುತ್ತಾರೆ.

ಆದರೆ ದುರ್ಯೋಧನನ ಪಾತ್ರಕ್ಕೆ ಎಷ್ಟೇ ಹಣ ಕಟ್ಟಿರಲಿ, ಬೆಳಗಿನ ಜಾವದ ಗದಾಯುದ್ಧದಲ್ಲಿ ಅವನ ತೊಡೆ ಮುರಿಯಲೇಬೇಕು. ಅದನ್ನು ಬದಲಾಯಿಸಿ ಎಂದು ಇದುವರೆಗೆ ಯಾವ ದುರ್ಯೋಧನನೂ ಮೇಷ್ಟ್ರನ್ನು ಕೇಳಿದ್ದು ನಾನು ಕಾಣೆ. ಹಾಗಾದರೆ ಕಥೆಯಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು? ಇದನ್ನು ತೀರ್ಮಾನಿಸುವವರು ಯಾರು? ಕಳೆದ ಬೇಸಿಗೆ ರಜದಲ್ಲಿ ಮಾದಿಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಈ ಪ್ರಶ್ನೆ ಆರು ಮಕ್ಕಳ ನಡುವೆ ಜಗಳವಾಗಿ ಎದ್ದು ನಿಂತಿತು.

ತಂದವನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜಕ್ಕೆ ಬಂದಾಗ ಅವನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ದಾಳಗಳಿದ್ದವು. ನಾವು ಪಗಡೆಯಲ್ಲಿ ಕಂಡಂಥವಲ್ಲ; ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಕ್ಕೆ ಅವು ಬೇಕಂತೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಈ ಬಗೆಯ ಆಟಗಳು ಬೆಳೆದದ್ದು ಅಲ್ಲಿಂದ. ಬಣ್ಣವಿಲ್ಲ, ವೇಷವಿಲ್ಲ, ರಂಗಸ್ಥಳವಿಲ್ಲ. ಒಬ್ಬ ಆಟ ನಡೆಸುತ್ತಾನೆ. ‘ನಿಮ್ಮ ಮುಂದೆ ಒಂದು ಕೋಟೆ ಬಾಗಿಲು ಇದೆ, ಏನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಪರವಾಗಿ ಉತ್ತರ ಕೊಡುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ಹೀಗೆ ಎಲ್ಲರ ಬಾಯಿಂದ ಬೆಳೆಯುತ್ತ ಹೋಗುತ್ತದೆ.

ಆಟ ನಡೆಯುವ ಲೋಕ ಹೊಸದಾಗಿ ಕಟ್ಟಿದ್ದಾದರೆ ತೊಂದರೆ ಕಡಿಮೆ. ಎಲ್ಲರೂ ಓದಿ ಬಲ್ಲ ಲೋಕವಾದರೆ ಕಷ್ಟ ಶುರು. ಟೋಲ್ಕಿನ್ ಬರೆದ ‘ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರಿಗೆ ಉಂಗುರ ಕೊನೆಗೆ ಬೆಂಕಿಗೆ ಬೀಳುತ್ತದೆಂದು ಗೊತ್ತು. ಹಾಗಿದ್ದ ಮೇಲೆ ಆಡುವವನಿಗೆ ಮಾಡಲು ಉಳಿದದ್ದೇನು? 2011ರಲ್ಲಿ ಆ ಲೋಕವನ್ನಿಟ್ಟುಕೊಂಡು ‘ದಿ ಒನ್ ರಿಂಗ್’ ಎಂಬ ಆಟ ಮಾಡಿದವರು ಒಂದು ಉಪಾಯ ಕಂಡುಕೊಂಡರು. ಟೋಲ್ಕಿನ್ನರ ‘ಹಾಬಿಟ್’ ಮುಗಿದು ದೊಡ್ಡ ಕಥೆ ಶುರುವಾಗುವುದಕ್ಕೆ ಮುಂಚಿನ ವರ್ಷಗಳಲ್ಲಿ ತಮ್ಮ ಆಟವನ್ನು ಇಟ್ಟರು. ಕಥೆಯ ಸಂದಿಯಲ್ಲಿ ಆಡಿದರೆ ಕಥೆಗೂ ಪೆಟ್ಟಿಲ್ಲ, ಆಡುವವರಿಗೂ ಜಾಗವುಂಟು. ನಮ್ಮ ಜನ ಈ ಉಪಾಯವನ್ನು ಯಾವತ್ತೋ ಕಂಡುಕೊಂಡಿದ್ದರೆನ್ನಿ. ಪಾಂಡವರ ಹನ್ನೆರಡು ವರ್ಷದ ವನವಾಸ ಇದೆಯಲ್ಲ, ಅದರ ಸಂದಿಯಲ್ಲಿ ಪಾಂಡವರನ್ನು ತಮ್ಮೂರಿಗೆ ಕರೆತಂದು ಒಂದು ರಾತ್ರಿ ಉಳಿಸಿಕೊಳ್ಳದ ಊರು ಕಡಿಮೆ.

ನಮ್ಮ ಬೀದಿಯ ಮಕ್ಕಳಿಗೆ ಎಲ್ಫ್ ಗೊತ್ತಿಲ್ಲ, ಡ್ರ್ಯಾಗನ್ ಗೊತ್ತಿಲ್ಲ. ಮಹಾಭಾರತ ಗೊತ್ತು. ಶಾಲೆಯಿಂದ ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ನೋಡಿ ಬಂದಿದ್ದಾರೆ. ಹೀಗಾಗಿ ಅಳಿಯ ಯುದ್ಧದ ಹದಿಮೂರನೆಯ ದಿನವನ್ನೇ ಆಟಕ್ಕೆ ಆರಿಸಿಕೊಂಡ. ಎದುರುಮನೆಯ ಅಜ್ಜಿ ಮಾತ್ರ ದಾಳ ನೋಡಿ ಸಿಡಿಮಿಡಿಗೊಂಡರು. ‘ದಾಳ ಹಾಕೇ ಧರ್ಮರಾಯ ಮನೆ ಹಾಳ್ಮಾಡ್ಕೊಂಡಿದ್ದು. ಆ ಕಥೇನೇ ಮತ್ತೆ ದಾಳ ಹಾಕಿ ಆಡ್ತೀರೇನ್ರೋ?’ ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳುವಂತಿರಲಿಲ್ಲ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅಭಿಮನ್ಯು ಆದಳು. ಅವಳ ಚಿಕ್ಕಪ್ಪನ ಮಗ ಅರ್ಜುನ. ಅಳಿಯ ಶುರುವಿನಲ್ಲೇ ಉದಾರವಾಗಿ ಹೇಳಿದ: ‘ಏನ್ ಬೇಕಾದ್ರೂ ಮಾಡ್ಬೋದು, ಯಾರೂ ತಡೆಯಲ್ಲ.’ ಅರ್ಜುನನನ್ನು ಸಂಶಪ್ತಕರು ದೂರಕ್ಕೆ ಸೆಳೆದುಕೊಂಡು ಹೋದರು. ಅಭಿಮನ್ಯು ವ್ಯೂಹ ಹೊಕ್ಕ. ಬೆನ್ನ ಹಿಂದೆ ಬಂದ ಭೀಮಾದಿಗಳನ್ನು ಸೈಂಧವ ಬಾಗಿಲಲ್ಲೇ ತಡೆದ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಗ ಹುಡುಗಿ, ‘ನಾನು ಬಂದ ದಾರೀಲೇ ವಾಪಸ್ ನುಗ್ತೀನಿ, ಹೊರಗೆ ಹೋಗ್ತೀನಿ’ ಎಂದಳು. ದಾಳ ಹಾಕು ಎಂದ ಅಳಿಯ. ಹಾಕಿದಳು. ಇಪ್ಪತ್ತು ಬಿತ್ತು. ಅದಕ್ಕಿಂತ ಮೇಲೆ ಆ ದಾಳದಲ್ಲಿ ಅಂಕಿ ಇಲ್ಲ.

ಜಗಲಿಯ ಮೇಲೆ ಕೂಗೋ ಕೂಗು. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಆದ್ರೂ ಹೊರಗೆ ಬರಕ್ಕಾಗಲ್ಲ’ ಎಂದ.

‘ಹಂಗಾದ್ರೆ ದಾಳ ಯಾಕೆ ಹಾಕ್ಸಿದೆ ಅಣ್ಣ? ನಾನು ಸಾಯೋದು ಮೊದ್ಲೇ ಬರ್ದಿದ್ರೆ ನಾನ್ಯಾಕೆ ಆಡ್ಬೇಕು?’

ಉತ್ತರ ಬಂದದ್ದು ಅಳಿಯನಿಂದಲ್ಲ, ಅರ್ಜುನನಿಂದ. ‘ನೀನು ಬದುಕ್ಬಿಟ್ರೆ ನನ್ನ ಶಪಥ ಏನಾಗುತ್ತೆ? ನಾನು ಸೈಂಧವನ್ನ ಕೊಲ್ಲಕ್ಕೆ ಅಂತ್ಲೇ ಅರ್ಜುನ ಆಗಿದ್ದು!’

ಆವತ್ತಿನ ಆಟ ಅಲ್ಲಿಗೆ ಮುರಿಯಿತು. ನನಗೆ ಮಾತ್ರ ಆ ಹುಡುಗನ ಸಿಟ್ಟಿನಲ್ಲಿ ಒಂದು ವಿಷಯ ಹೊಳೆಯಿತು. ಹಳೆಯ ಕಥೆಯನ್ನು ಬದಲಿಸಬಾರದು ಎಂದಾಗ ನಾವು ಸಾಮಾನ್ಯವಾಗಿ ಗ್ರಂಥದ ಗೌರವ, ಹಿರಿಯರ ಮರ್ಯಾದೆ ಎಂದೆಲ್ಲ ಹೇಳುತ್ತೇವೆ. ಅವು ಇರಲಿ. ಪಕ್ಕದಲ್ಲಿ ಕೂತವನೂ ಅದೇ ಕಥೆಯನ್ನು ನಂಬಿ ಬಂದಿದ್ದಾನೆ ಎಂಬುದು ಅದಕ್ಕಿಂತ ಹತ್ತಿರದ ಕಾರಣ. ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂತ ಜನ ಗದಾಯುದ್ಧ ನೋಡಲು ಕೂತಿರುತ್ತಾರೆ. ದುರ್ಯೋಧನ ಗೆದ್ದುಬಿಟ್ಟರೆ ಭೀಮನ ಪಾತ್ರಕ್ಕೆ ಹಣ ಕಟ್ಟಿದವನ ಗತಿಯೇನು? ಒಬ್ಬನ ಆಸೆ ಇನ್ನೊಬ್ಬನ ಆಸೆಯನ್ನು ನುಂಗದಿರಲಿ ಎಂದು ಎಲ್ಲರೂ ಸೇರಿ ಹಾಕಿಕೊಂಡ ಬೇಲಿ ಅದು.

ಬೇಲಿಯೊಳಗೆ ಎಷ್ಟು ಜಾಗವಿದೆ ಎಂಬುದನ್ನು ನೋಡಬೇಕಾದರೆ ಘಟ್ಟದ ಕೆಳಗಿನ ತಾಳಮದ್ದಳೆಗೆ ಹೋಗಬೇಕು. ಅಳಿಯನ ಮೇಜಿನಾಟಕ್ಕೆ ಅದೇ ಹತ್ತಿರದ ನಂಟ. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತು ಮಾತಾಡುವುದು. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು. ಆ ಪದ್ಯಕ್ಕೆ ಅರ್ಥಧಾರಿ ಹೇಳುವ ಮಾತು ಆಗಿಂದಾಗ ಹುಟ್ಟುವಂಥದು, ಅದನ್ನು ಯಾರೂ ಬರೆದುಕೊಡುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕೂತರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಉತ್ತರ ಹುಡುಕುವುದು ಕಷ್ಟವಾಗುತ್ತಿತ್ತು ಎಂದು ಕೇಳಿದವರು ಹೇಳುತ್ತಾರೆ. ವಾದದಲ್ಲಿ ವಾಲಿ ಗೆಲ್ಲಬಹುದು. ಆದರೆ ಮುಂದಿನ ಪದ್ಯ ಬಂದಾಗ ವಾಲಿ ಸಾಯಬೇಕು, ಸಾಯುತ್ತಾನೆ. ಸಾವು ಖಚಿತವೆಂದು ಗೊತ್ತಿದ್ದೂ ಜನ ರಾತ್ರಿಯಿಡೀ ಕೂತು ಕೇಳುವುದು ಏತಕ್ಕೆ? ಅವನು ಏನು ಹೇಳಿ ಸಾಯುತ್ತಾನೆ ಎಂಬುದಕ್ಕೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಳಿಯನಿಗೆ ಇದನ್ನೆಲ್ಲ ಹೇಳಿದೆ. ‘ಪದ್ಯ ಯಾವುದು, ಅರ್ಥ ಯಾವುದು ಅಂತ ಮೊದಲೇ ಹೇಳಿಬಿಡು. ಪದ್ಯಕ್ಕೆ ದಾಳ ಹಾಕಿಸಬೇಡ. ಅರ್ಥಕ್ಕೆ ಅಡ್ಡ ಬರಬೇಡ’ ಎಂದೆ. ಅವನು ಅನ್ನ ಕಲಸುತ್ತಲೇ, ‘ಎಷ್ಟು ಪದ್ಯ ಇಟ್ಕೋಬೇಕು ಮಾವ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಎಲ್ಲವೂ ಪದ್ಯವಾದರೆ ಮಕ್ಕಳು ಬರೀ ಕೇಳುಗರಾಗುತ್ತಾರೆ, ಆಟವೇ ಇರುವುದಿಲ್ಲ. ಒಂದೂ ಇಲ್ಲದಿದ್ದರೆ ಅದು ಮಹಾಭಾರತವಾಗಿ ಉಳಿಯುವುದಿಲ್ಲ, ಅರ್ಜುನನ ಶಪಥಕ್ಕೆ ನೆಲೆಯಿಲ್ಲ. ಯೋಚಿಸಿ ಎರಡನ್ನು ಮಾತ್ರ ಉಳಿಸಿಕೊಂಡ. ಮರುದಿನ ನೋಟ್‌ಬುಕ್ಕಿನ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮಕ್ಕಳ ಮುಂದಿಟ್ಟ: ಅಭಿಮನ್ಯು ಹೊರಗೆ ಬರುವುದಿಲ್ಲ, ಅರ್ಜುನ ಶಪಥ ಮಾಡುತ್ತಾನೆ. ಮಿಕ್ಕದ್ದೆಲ್ಲ ನಿಮ್ಮದು.

ಹುಡುಗಿ ಹಾಳೆಯನ್ನು ಎರಡು ಸಲ ಓದಿದಳು. ‘ಒಳಗೆ ಹೋಗೋ ಮುಂಚೆ ಉತ್ತರೆ ಹತ್ರ ಮಾತಾಡ್ಬೋದಾ?’ ಎಂದು ಕೇಳಿದಳು. ಹಾಳೆಯಲ್ಲಿ ಬೇಡವೆಂದಿರಲಿಲ್ಲ. ಉತ್ತರೆಯ ಪಾತ್ರ ಯಾರೂ ತೆಗೆದುಕೊಂಡಿರಲಿಲ್ಲವಾದ್ದರಿಂದ ಒಬ್ಬ ಪುಟ್ಟ ಹುಡುಗಿಯನ್ನು ಕೂರಿಸಿದರು. ಅಭಿಮನ್ಯು ಹೆಂಡತಿಗೆ ಹೇಳಿದ್ದು ಇಷ್ಟೇ: ‘ನಮ್ಮ ಮಗು ಹೊಟ್ಟೇಲಿರುವಾಗ ಯಾರಾದ್ರೂ ಬಂದು ಕಥೆ ಹೇಳಿದ್ರೆ ನೀನು ನಿದ್ದೆ ಮಾಡ್ಬೇಡ. ಪೂರ್ತಿ ಕೇಳಿಸ್ಕೊ.’

ಸುಭದ್ರೆ ನಿದ್ದೆ ಹೋದ ಕಥೆ ಗೊತ್ತಿದ್ದವರಿಗೆ ಆ ಮಾತು ಎಲ್ಲಿ ತಾಗುತ್ತದೆಂದು ಹೇಳಬೇಕಾಗಿಲ್ಲ. ಎದುರುಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಥೆಯ ಒಂದು ಕಲ್ಲೂ ಅಲುಗಿರಲಿಲ್ಲ. ಆದರೂ ಆ ಮಾತು ಆ ಹುಡುಗಿಯದು.

ಹಾಗೆಂದು ಪದ್ಯವನ್ನು ಯಾರೂ ಯಾವತ್ತೂ ಮುಟ್ಟಲೇಬಾರದೆ? ಕನ್ನಡದವರು ಹಾಗೆ ಹೇಳುವಂತಿಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕೊನೆಗೆ ಪಟ್ಟವಾಗುವುದೂ ಅರ್ಜುನನಿಗೇ. ರನ್ನನ ಕಾವ್ಯದಲ್ಲಿ ಮೇಲೇಳುವವನು ಭೀಮ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದಾಗ ರಾಮನ ಅಸ್ತ್ರ ಶಂಬೂಕನನ್ನು ಕೊಲ್ಲಲಿಲ್ಲ. ಮಾಸ್ತಿಯವರು ಅದಕ್ಕೆ ಆಕ್ಷೇಪ ಎತ್ತಿದರು, ಕುವೆಂಪು ಉತ್ತರ ಕೊಟ್ಟರು. ನಮ್ಮ ಜಿಲ್ಲೆಯ ಸಂತೇಶಿವರದ ಭೈರಪ್ಪನವರು ‘ಪರ್ವ’ದಲ್ಲಿ ಪವಾಡಗಳನ್ನೆಲ್ಲ ಕಳಚಿಟ್ಟರು. ಆದರೆ ಗಮನಿಸಿ: ಇವರಲ್ಲಿ ಯಾರೂ ಹಳೆಯ ಬೋರ್ಡು ಹಾಕಿ ಒಳಗೆ ಹೊಸ ಸರಕು ಮಾರಲಿಲ್ಲ. ‘ವಿಕ್ರಮಾರ್ಜುನ ವಿಜಯ’, ‘ಸಾಹಸಭೀಮ ವಿಜಯ’, ‘ಶೂದ್ರ ತಪಸ್ವಿ’, ‘ಪರ್ವ’ ಎಂದು ಬೇರೆ ಹೆಸರಿಟ್ಟರು. ಓದುವವನಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ.

ಮಕ್ಕಳೂ ಅದನ್ನೇ ಮಾಡಿದರು. ಮುಂದಿನ ವಾರ ಎಲ್ಲರ ಒಪ್ಪಿಗೆ ಪಡೆದು ‘ಹೊರಗೆ ಬಂದ ಅಭಿಮನ್ಯು’ ಎಂಬ ಹೊಸ ಆಟ ಹೂಡಿದರು. ಅರ್ಜುನನಾಗಿದ್ದ ಹುಡುಗ ಈ ಸಲ ಕರ್ಣನ ಪಾತ್ರ ಕೇಳಿ ತೆಗೆದುಕೊಂಡ. ಅಭಿಮನ್ಯು ಬದುಕಿದ. ಎಲ್ಲರಿಗೂ ಖುಷಿ. ಆದರೆ ಅವನು ಬದುಕಿದ್ದರಿಂದ ಶಪಥವಿಲ್ಲ. ಶಪಥವಿಲ್ಲದ್ದರಿಂದ ಹದಿನಾಲ್ಕನೆಯ ದಿನ ಸೈಂಧವ ಸಾಯಲಿಲ್ಲ. ಅವನು ಸತ್ತ ರೊಚ್ಚಿನಲ್ಲಿ ರಾತ್ರಿಯೂ ನಡೆದ ಯುದ್ಧ ನಡೆಯಲಿಲ್ಲ. ರಾತ್ರಿ ಯುದ್ಧವಿಲ್ಲದಿದ್ದರೆ ಘಟೋತ್ಕಚ ಸಾಯುವುದಿಲ್ಲ. ಘಟೋತ್ಕಚನ ಮೇಲೆ ಕರ್ಣ ಬಿಟ್ಟದ್ದು ಇಂದ್ರ ಕೊಟ್ಟ ಶಕ್ತ್ಯಾಯುಧ. ಒಂದೇ ಸಲ ಬಿಡಬಹುದಾದದ್ದು, ಅರ್ಜುನನಿಗೆಂದೇ ಇಟ್ಟುಕೊಂಡದ್ದು. ಅದೀಗ ಕರ್ಣನ ಕೈಯಲ್ಲೇ ಉಳಿಯಿತು.

ಹುಡುಗ ನಗುತ್ತ, ‘ನಿಮ್ಮಪ್ಪ ಎಲ್ಲಿದಾನೆ?’ ಎಂದು ಕೇಳಿದಾಗ ಅಭಿಮನ್ಯುವಿನ ಮುಖ ನೋಡಬೇಕಿತ್ತು. ಅಪ್ಪನನ್ನು ಉಳಿಸಲು ಏನು ಮಾಡಬೇಕೆಂದು ಆಟ ನಿಲ್ಲಿಸಿ ಎರಡು ದಿನ ಯೋಚಿಸಿದಳು. ದ್ರೋಣಪರ್ವದಲ್ಲಿ ಯಾವ ದಿನ ಯಾರು ಸತ್ತರು, ಯಾರ ಕೈಯಲ್ಲಿ ಯಾವ ಅಸ್ತ್ರವಿತ್ತು ಎಂದು ಆರೂ ಮಕ್ಕಳು ಪಟ್ಟಿ ಮಾಡಿಕೊಂಡರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ‘ಇದರಿಂದ ಪರೀಕ್ಷೆಗೆ ಏನುಪಯೋಗ?’ ಎಂದು ಒಬ್ಬ ತಂದೆ ನನ್ನನ್ನು ಕೇಳಿದರು. ಒಂದು ಕಡೆ ಎಳೆ ಜಗ್ಗಿದರೆ ಇನ್ನೊಂದು ಕಡೆ ಏನು ಬಿಚ್ಚಿಕೊಳ್ಳುತ್ತದೆಂದು ಲೆಕ್ಕ ಹಾಕಲು ಕಲಿತ ಮಗು ಇತಿಹಾಸದ ಪುಸ್ತಕವನ್ನೂ ಹಾಗೆಯೇ ಓದೀತು ಎಂದೆ.

ಹೇಳದೆ ಉಳಿಸಿಕೊಂಡ ಮಾತು ಒಂದಿತ್ತು, ಅದನ್ನು ಇಲ್ಲಿ ಹೇಳುತ್ತೇನೆ. ಹತ್ತನೇ ತರಗತಿ ಮುಗಿದ ಮನೆಗಳಲ್ಲಿ ಪ್ರತಿ ವರ್ಷ ಆಗುವ ಜಗಳ ಆ ಜಗಲಿಯ ಜಗಳವೇ. ‘ನಿನಗಿಷ್ಟ ಬಂದದ್ದು ಓದು’ ಎಂದು ಮಗುವಿನ ಕೈಗೆ ದಾಳ ಕೊಡುತ್ತೇವೆ. ಇಪ್ಪತ್ತು ಬಿದ್ದ ಮೇಲೆ ‘ಅದು ಮಾತ್ರ ಆಗುವುದಿಲ್ಲ’ ಎನ್ನುತ್ತೇವೆ. ಮಗು ಮುನಿಯುವುದು ಆಗುವುದಿಲ್ಲ ಎಂದದ್ದಕ್ಕಲ್ಲ, ದಾಳ ಹಾಕಿಸಿದ್ದಕ್ಕೆ. ಇರುವ ಹಣ ಇಷ್ಟು, ದೂರದೂರಿಗೆ ಕಳಿಸಲು ಆಗದು ಎಂಬುದು ಪದ್ಯವಾದರೆ ಅದನ್ನು ಮೊದಲ ದಿನವೇ ಹಾಳೆಯ ಮೇಲೆ ಬರೆದುಬಿಡೋಣ. ಎರಡೇ ಸಾಲು ಬರೆಯೋಣ. ಮಿಕ್ಕದ್ದು ನಿನ್ನದು ಎಂದ ಮೇಲೆ ಅದು ನಿಜವಾಗಿಯೂ ಅವರದಾಗಿರಲಿ. ಆ ಜಾಗದಲ್ಲಿ ಅವರು ಏನು ಮಾತಾಡುತ್ತಾರೆಂಬುದನ್ನು ನಾವೂ ನಿದ್ದೆ ಮಾಡದೆ ಕೇಳಿಸಿಕೊಂಡರೆ ಸಾಕು.